ಟ್ರೆಕ್ಕಿಂಗ್, ರ‍್ಯಾಫ್ಟಿಂಗ್, ಕಯಾಕ್, ಕ್ಲೈಂಬಿಂಗ್: ಗಂಡ ಹೆಂಡತಿ ಜೊತೆಯಾಗಿ ಮಾಡಲು ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಲೈಂಬಿಂಗ್‌ಗೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆ ಹತ್ತುವ ಆಟ. ಒಬ್ಬರು ಹತ್ತುತ್ತಾರೆ, ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯುತ್ತಾರೆ. ಸರಿಯಾಗಿ ಇಬ್ಬರು ಬೇಕು, ಮೂರನೆಯವರು ಬೇಡ. ಒಂದೂವರೆ ವರ್ಷದಲ್ಲಿ ನಾವು ನಾಲ್ಕೈದು ಬಗೆ ಮಾಡಿ ನೋಡಿದೆವು. ಒಂದರಲ್ಲಿ ಒಳ್ಳೆ ದುಡ್ಡು ಹೋಯಿತು. ಅದಾದ ಮೇಲೆ ಸಿಕ್ಕಿದ್ದು ಇದು, ಇನ್ನೂ ಬಿಟ್ಟಿಲ್ಲ.

ನಮ್ಮ ಮನೆ ಲೆಕ್ಕ ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಇಬ್ಬರಿಗೂ ಕೆಲಸ. ಏಳು ವರ್ಷದ ಮಗಳಿದ್ದಾಳೆ. ವಾರಕ್ಕೊಂದು ಸಂಜೆ ಮೂರು ಗಂಟೆ ಅತ್ತೆ ಅವಳನ್ನು ನೋಡಿಕೊಳ್ಳುತ್ತಾರೆ. ತಿಂಗಳಿಗೆ ನಾಲ್ಕು ಸಾವಿರ ಇದಕ್ಕೆಂದೇ ಎತ್ತಿಟ್ಟಿದ್ದೇವೆ. ಮದುವೆಯಾಗಿ ಒಂಬತ್ತು ವರ್ಷ, ನಮ್ಮ ಮಾತೆಲ್ಲ ಇಎಂಐ, ಸ್ಕೂಲ್ ಫೀಸು, ಗ್ಯಾಸ್ ಬುಕಿಂಗ್ ಅಂತ ಆಗಿಹೋಗಿತ್ತು. ಜೊತೆಯಾಗಿ ಏನಾದರೂ ಮಾಡಬೇಕು, ಮೈ ಬೆವರಬೇಕು, ಸ್ವಲ್ಪ ಭಯವೂ ಆಗಬೇಕು ಅನ್ನಿಸಿತ್ತು.

ದುಡ್ಡು ಹೋಗಿದ್ದು ದಾಂಡೇಲಿಯಲ್ಲಿ. ಮದುವೆ ವಾರ್ಷಿಕೋತ್ಸವಕ್ಕೆ ಒಂದು ರೆಸಾರ್ಟಿನ 'ಕಪಲ್ ಪ್ಯಾಕೇಜ್' ತಗೊಂಡೆವು. ಎರಡು ದಿನಕ್ಕೆ ಬಸ್ಸು, ಊಟ, ರೂಮು ಎಲ್ಲ ಸೇರಿ ಇಬ್ಬರಿಗೆ ₹14,600 ಆಯಿತು. ಕಾಳಿ ನದಿಯಲ್ಲಿ ಉದ್ದದ ರ‍್ಯಾಫ್ಟಿಂಗ್ (ರಭಸದ ನೀರಿನಲ್ಲಿ ಗಾಳಿ ತುಂಬಿದ ದೋಣಿಯಲ್ಲಿ ಹೋಗುವುದು) ಇದೆ ಅಂತ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಹೋದ ಮೇಲೆ ಗೊತ್ತಾಯಿತು, ಅಲ್ಲಿ ನದಿಯ ರಭಸ ಮಳೆಗಿಂತ ಹೆಚ್ಚಾಗಿ ಸೂಪಾ ಅಣೆಕಟ್ಟಿನ ಕೈಯಲ್ಲಿದೆ. ಕರೆಂಟ್ ತಯಾರಿಸಲು ನೀರು ಬಿಟ್ಟರೆ ನದಿ ಭೋರ್ಗರೆಯುತ್ತದೆ. ಬಿಡದಿದ್ದರೆ ಕಲ್ಲು ಕಾಣುತ್ತದೆ. ಅವತ್ತು ನೀರು ಬಿಟ್ಟಿರಲಿಲ್ಲ. ನಮ್ಮನ್ನು ಚಿಕ್ಕದೊಂದು ಸುತ್ತು ಹೊಡೆಸಿ ದಡಕ್ಕೆ ತಂದುಬಿಟ್ಟರು. ನಲವತ್ತು ನಿಮಿಷವೂ ಆಗಿರಲಿಲ್ಲ. ಅದರಲ್ಲಿ ಅರ್ಧ ಹೊತ್ತು ಫೋಟೊ. ವಾಪಸ್ ಕೇಳಿದರೆ 'ಪ್ರಕೃತಿ ನಮ್ಮ ಕೈಲಿಲ್ಲ ಮೇಡಂ' ಅಂದರು. ನೀರು ಯಾವಾಗ ಬಿಡುತ್ತಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅದನ್ನು ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಹೇಳಬೇಕಿತ್ತು. ನೀವು ಹೋಗುವುದಾದರೆ 'ರ‍್ಯಾಫ್ಟಿಂಗ್ ಇದೆಯಾ' ಅಂತ ಕೇಳಬೇಡಿ. 'ಎಷ್ಟು ಕಿಲೋಮೀಟರ್, ಆ ದಿನ ಆಗದಿದ್ದರೆ ಎಷ್ಟು ವಾಪಸ್' ಅಂತ ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ನೀರು ಚೆನ್ನಾಗಿದ್ದಿದ್ದರೂ ನನ್ನ ಮನಸ್ಸು ಬದಲಾಗುತ್ತಿರಲಿಲ್ಲ. ರ‍್ಯಾಫ್ಟಿನಲ್ಲಿ ಎಂಟು ಜನ, ಹಿಂದೆ ಒಬ್ಬ ಗೈಡ್. ಅವನು 'ಫಾರ್ವರ್ಡ್' ಅಂದರೆ ಎಲ್ಲರೂ ಹುಟ್ಟು ಹಾಕಬೇಕು, 'ಸ್ಟಾಪ್' ಅಂದರೆ ನಿಲ್ಲಿಸಬೇಕು. ಇವರು ನನ್ನ ಎದುರು ಸಾಲಿನಲ್ಲೇ ಇದ್ದರು. ಆದರೂ ಇಬ್ಬರೂ ಬೇರೆ ಬೇರೆ ಬಂದಿದ್ದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ.

ಟ್ರೆಕ್ಕಿಂಗ್ ಎಲ್ಲಕ್ಕಿಂತ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಮಾಗಡಿ ಹತ್ತಿರದ ಸಾವನದುರ್ಗಕ್ಕೆ ಎರಡು ಸಲ ಹೋಗಿದ್ದೇವೆ. ಪೆಟ್ರೋಲು, ತಿಂಡಿ, ಟಿಕೆಟ್ಟು ಎಲ್ಲ ಸೇರಿ ಒಂದೂವರೆ ಸಾವಿರ ದಾಟಲಿಲ್ಲ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಬೆಟ್ಟ, ಮುಕ್ಕಾಲು ಪಾಲು ಬರೀ ಬಂಡೆ. ಬೆಳಗ್ಗೆ ಆರೂವರೆಗೆ ಹತ್ತಲು ಶುರು ಮಾಡಿದರೆ ಸುಖ. ಒಂಬತ್ತಾದ ಮೇಲೆ ಬಂಡೆ ಕಾದು ಕಾಲಿಡುವುದೇ ಕಷ್ಟ. ಟ್ರೆಕ್ಕಿಂಗ್ ಮಾಡುವವರು ಒಂದು ನೆನಪಿಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ಸಲ ಸಾವಿರಾರು ಜನ ಸೇರಿ ದೊಡ್ಡ ಸುದ್ದಿಯಾಯಿತಲ್ಲ, ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿತು. ಹೊರಡುವ ಹಿಂದಿನ ರಾತ್ರಿ ಯೋಚಿಸಿದರೆ ಜಾಗ ಸಿಗುವುದಿಲ್ಲ.

ಆದರೆ ನಮ್ಮಿಬ್ಬರಿಗೆ ಟ್ರೆಕ್ಕಿಂಗ್ ಹೊಂದಲಿಲ್ಲ. ಇವರ ಕಾಲು ಉದ್ದ, ನಡಿಗೆ ಬಿರುಸು. ನಾನು ಸಾಗರದ ಕಡೆಯವಳು, ಗುಡ್ಡ ಹತ್ತಿ ಬೆಳೆದವಳೇ, ಆದರೂ ನನ್ನದು ನಿಧಾನ. ಇವರು ಮುಂದೆ ಹೋಗಿ ಒಂದು ಬಂಡೆ ಮೇಲೆ ಕೂರುತ್ತಾರೆ. ನಾನು ಏದುಸಿರು ಬಿಡುತ್ತಾ ಅಲ್ಲಿಗೆ ಮುಟ್ಟುವ ಹೊತ್ತಿಗೆ 'ಹೊರಡೋಣ್ವಾ' ಅಂತ ಎದ್ದುಬಿಡುತ್ತಾರೆ. ಅವರ ವಿಶ್ರಾಂತಿ ಮುಗಿದಿರುತ್ತದೆ, ನನ್ನದು ಶುರುವೇ ಆಗಿರುವುದಿಲ್ಲ. ನಾಲ್ಕು ಗಂಟೆ ಜೊತೆಗೆ ಹೋದೆವು ಅಂತ ಹೆಸರು, ನಾನು ನೋಡಿದ್ದು ಅವರ ಬ್ಯಾಗನ್ನು. ನಡಿಗೆಯ ವೇಗ ಒಂದೇ ಥರ ಇರುವ ಜೋಡಿಯಾದರೆ ಯೋಚನೆ ಮಾಡದೆ ಟ್ರೆಕ್ಕಿಂಗ್ ಆರಿಸಿಕೊಳ್ಳಿ.

ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, ನನಗೆ ಇಷ್ಟವಾಯಿತು. ತವರಿಗೆ ಹೋದಾಗ ಹೊನ್ನೆಮರಡುವಿನಲ್ಲಿ, ಶರಾವತಿ ಹಿನ್ನೀರಿನಲ್ಲಿ ಮಾಡಿದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ತಲೆ ಎತ್ತಿ ನಿಂತಿರುತ್ತವೆ, ಅವುಗಳ ನಡುವೆ ಸದ್ದಿಲ್ಲದೆ ತೇಲಿಕೊಂಡು ಹೋಗುವುದು. ಇಬ್ಬರು ಕೂರುವ ಕಯಾಕ್‌ನಲ್ಲಿ ಮುಂದಿನವರು ಲಯ ಹಿಡಿಯಬೇಕು, ಹಿಂದಿನವರು ಅದನ್ನು ನೋಡಿ ಹುಟ್ಟು ಹಾಕಬೇಕು, ದಿಕ್ಕನ್ನೂ ನೋಡಿಕೊಳ್ಳಬೇಕು. ಭಾರ ಜಾಸ್ತಿ ಇರುವವರು ಹಿಂದೆ. ಮೊದಲ ಅರ್ಧ ಗಂಟೆ ಹುಟ್ಟಿಗೆ ಹುಟ್ಟು ಬಡಿದು ಸಾಕಾಯಿತು. ನಾನು ಜೋರಾಗಿ 'ಎಡ, ಬಲ' ಅಂತ ಎಣಿಸಲು ಶುರು ಮಾಡಿದ ಮೇಲೆ ದೋಣಿ ನೆಟ್ಟಗೆ ಹೋಯಿತು. ತಕರಾರು ಒಂದೇ, ದೂರ. ರಾತ್ರಿ ತಾಳಗುಪ್ಪ ರೈಲು ಹತ್ತಿ ವರ್ಷಕ್ಕೆರಡು ಸಲ ಹೋಗಬಹುದು. ವಾರ ವಾರ ಆಗುವ ಮಾತಲ್ಲ.

ಮೂಲ್ಕಿಯಲ್ಲಿ ಸರ್ಫಿಂಗ್ ಒಂದು ದಿನ ಕಲಿತೆವು. ಮಜಾ ಇದೆ, ಆದರೆ ಒಂದು ಹಲಗೆಗೆ ಒಬ್ಬರೇ.

ಇನ್ನು ಕ್ಲೈಂಬಿಂಗ್. ಇಲ್ಲಿ ಹತ್ತುವುದಕ್ಕಿಂತ ಮೊದಲು ಕಲಿಸುವುದು ಗಂಟು. ಹಗ್ಗದಲ್ಲಿ ಎಂಟರ ಆಕಾರದ ಗಂಟು ಹಾಕಿ, ತುದಿಯನ್ನು ಹಾರ್ನೆಸ್‌ನೊಳಗೆ (ಸೊಂಟಕ್ಕೂ ತೊಡೆಗೂ ತೊಡುವ ಗಟ್ಟಿ ಪಟ್ಟಿ) ತೂರಿಸಿ, ಬಂದ ದಾರಿಯಲ್ಲೇ ವಾಪಸ್ ಹೆಣೆಯಬೇಕು. ಸರಿಯಾಗಿದ್ದರೆ ಎರಡೆರಡು ಎಳೆ ಜಡೆಯ ಹಾಗೆ ಜೋಡಿಯಾಗಿ ಕಾಣುತ್ತದೆ. ಹತ್ತುವವರು ಹಾಕಿದ ಗಂಟನ್ನು ಹಗ್ಗ ಹಿಡಿಯುವವರು ಬೆರಳಿಟ್ಟು ನೋಡಬೇಕು. ಹಿಡಿಯುವವರ ಕೊಕ್ಕೆ ಲಾಕ್ ಆಗಿದೆಯಾ ಅಂತ ಹತ್ತುವವರು ನೋಡಬೇಕು. ಹತ್ತು ಸಲ ಹತ್ತಿದರೆ ಹತ್ತು ಸಲವೂ ನೋಡಬೇಕು. ಹಗ್ಗ ಹಿಡಿಯುವುದಕ್ಕೆ ಬಿಲೇ ಅನ್ನುತ್ತಾರೆ. ಬಿಲೇ ಮಾಡುವಾಗ ಕೆಳಗಿನ ಕೈ ಯಾವ ಕಾರಣಕ್ಕೂ ಹಗ್ಗ ಬಿಡಬಾರದು, ಮೂಗು ತುರಿಸಿದರೂ ಬಿಡಬಾರದು. ಫೋನ್ ಲಾಕರಿನಲ್ಲಿ. ಇವರು ಹತ್ತುತ್ತಿರುವಷ್ಟು ಹೊತ್ತು ನನ್ನ ಕಣ್ಣು ಇವರ ಮೇಲೆ, ನಾನು ಹತ್ತುವಾಗ ಇವರ ಕಣ್ಣು ನನ್ನ ಮೇಲೆ. ನಮ್ಮ ಮನೆಯಲ್ಲಿ ಇಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದು ಯಾವ ಕಾಲವಾಗಿತ್ತೋ.

ನಮಗೆ ಕಾಟ ಕೊಟ್ಟಿದ್ದು ತೂಕ. ನಾನು 51 ಕೆಜಿ, ಇವರು 84. ಮೊದಲ ವಾರ ಹಗ್ಗವನ್ನು ನಾವು ಹೋಗುವ ಕ್ಲೈಂಬಿಂಗ್ ಜಿಮ್‌ನ ಕೋಚ್ ಹಿಡಿದಿದ್ದರು, ತೊಂದರೆ ಆಗಲಿಲ್ಲ. ಎರಡನೇ ವಾರ ನನ್ನ ಕೈಗೆ ಕೊಟ್ಟರು. ಇವರು ಗೋಡೆಯ ಮುಕ್ಕಾಲು ಭಾಗ ಹತ್ತಿ ಕೈ ಜಾರಿದರು. ಹಗ್ಗ ನಿಂತಿತು, ನನ್ನ ಹಾರ್ನೆಸ್‌ಗೆ ಸಿಕ್ಕಿಸಿದ್ದ ಬಿಲೇ ಸಾಧನ ಅದನ್ನು ಸರಿಯಾಗಿ ಕಚ್ಚಿಕೊಂಡಿತು. ಆದರೆ ನಾನು ನೆಲದಿಂದ ಎರಡಡಿ ಮೇಲೆದ್ದು ಗೋಡೆಗೆ ಹೋಗಿ ಬಡಿದೆ. ಮೊಣಕಾಲಿನ ಕೆಳಗೆ ತರಚಿತು.

ಬಾವಿಯ ರಾಟೆ ನೆನಪಿಸಿಕೊಳ್ಳಿ, ಅದೇ ಲೆಕ್ಕ. ಹಗ್ಗ ಮೇಲಿನ ಕೊಂಡಿಯಲ್ಲಿ ಹಾದು ಎರಡೂ ಕಡೆ ಇಳಿದಿದೆ. ತುಂಬಿದ ಕೊಡ ಒಂದು ಕಡೆ, ಖಾಲಿ ಕೊಡ ಇನ್ನೊಂದು ಕಡೆ ಇದ್ದರೆ ಖಾಲಿ ಕೊಡ ಮೇಲೇಳುತ್ತದೆ. ಮೇಲೆ ಹಗ್ಗ ಉಜ್ಜುವುದರಿಂದ ಸ್ವಲ್ಪ ತಡೆ ಸಿಗುತ್ತದೆ, ಹಾಗಾಗಿ ನಾಲ್ಕೈದು ಕೆಜಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. 33 ಕೆಜಿ ಗೊತ್ತಾಗುತ್ತದೆ.

ನನಗಿಂತ ಇವರು ಜಾಸ್ತಿ ಹೆದರಿದರು. ಇಳಿದವರೇ ನನ್ನ ಕಾಲು ನೋಡಿ, 'ಬೇಡ ಕಣೇ, ನೀನು ಹತ್ತು, ನಾನು ಹಿಡ್ಕೋತೀನಿ, ಸಾಕು' ಅಂದರು. ಎರಡು ವಾರ ಹಾಗೇ ನಡೆಯಿತು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಒಬ್ಬರೇ ಹತ್ತಿ ಒಬ್ಬರೇ ಹಿಡಿದರೆ ಇಬ್ಬರ ಆಟ ಹೇಗಾಗುತ್ತದೆ? ಅಲ್ಲಿನ ಹುಡುಗರು 'ಬಿಡಿ ಮೇಡಂ, ಸರ್ ಹತ್ತುವಾಗ ನಾವೇ ಹಿಡೀತೀವಿ' ಅಂದರು. ಅದೂ ನನಗೆ ಬೇಡವಾಗಿತ್ತು. ಇವರ ಹಗ್ಗ ನಾನೇ ಹಿಡಿಯಬೇಕಿತ್ತು.

ಪರಿಹಾರ ಇದೆ, ನಾವು ಕೇಳುವವರೆಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಮರಳಿನ ಚೀಲ. ನೆಲದ ಮೇಲಿಟ್ಟ ಭಾರದ ಚೀಲಕ್ಕೆ ಒಂದು ಗಟ್ಟಿ ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ನನ್ನ ಹಾರ್ನೆಸ್‌ಗೆ ಸಿಕ್ಕಿಸುತ್ತಾರೆ. ಪಟ್ಟಿ ಸಡಿಲ ಇರಬಾರದು, ಇದ್ದರೆ ಮೇಲೆದ್ದು ಆಮೇಲೆ ಜಗ್ಗುತ್ತದೆ, ಸೊಂಟಕ್ಕೆ ಪೆಟ್ಟು. ನಾನು ನಿಂತಾಗ ಅದು ಬಿಗಿಯಾಗಿರಬೇಕು. ಜೊತೆಗೆ ಗೋಡೆಗೆ ಹತ್ತಿರ ನಿಲ್ಲಬೇಕು, ಒಂದು ಕಾಲು ಮುಂದೆ ಇಟ್ಟುಕೊಳ್ಳಬೇಕು, ಹಗ್ಗ ಜೋಲು ಬಿಡಬಾರದು. ಹಗ್ಗವನ್ನು ತಾನಾಗಿ ಕಚ್ಚಿಕೊಳ್ಳುವ ಬಿಲೇ ಸಾಧನ ಕೇಳಿ ತಗೊಳ್ಳಿ. ಅದಿದ್ದರೂ ಕೈ ಹಗ್ಗದ ಮೇಲೇ ಇರಬೇಕು.

ನಾವು ಹೋಗುವ ಕಡೆ ಚೀಲ ಇರುವುದು ಎರಡೇ. ಶನಿವಾರ ಹೋದರೆ ಎರಡನ್ನೂ ಯಾರೋ ತಗೊಂಡಿರುತ್ತಾರೆ, ಮುಕ್ಕಾಲು ಗಂಟೆ ಕಾಯಬೇಕು. ನಮಗಿರುವ ಮೂರು ಗಂಟೆಯಲ್ಲಿ ಟ್ರಾಫಿಕ್ಕಿಗೇ ಒಂದು ಗಂಟೆ ಹೋಗುತ್ತದೆ. ಇನ್ನೊಂದು ಚೀಲ ತರಿಸಿ ಅಂತ ನಾಲ್ಕು ಸಲ ಹೇಳಿದೆ. 'ತರಿಸ್ತೀವಿ' ಅನ್ನುತ್ತಾರೆ, ತರಿಸಿಲ್ಲ. ಕೊನೆಗೆ ಶನಿವಾರ ಬಿಟ್ಟು ಮಂಗಳವಾರ ಸಂಜೆಗೆ ಬದಲಾಯಿಸಿಕೊಂಡೆವು. ಚೀಲ ಸಿಗುತ್ತದೆ, ಗೋಡೆಯೂ ಖಾಲಿ ಇರುತ್ತದೆ.

ಚೀಲ ಸಿಕ್ಕ ಮೊದಲ ದಿನ ಇವರು ಅದೇ ಜಾಗದಲ್ಲಿ ಮತ್ತೆ ಅಂಟಿಕೊಂಡರು. ಕೈ ನಡುಗುತ್ತಿದ್ದುದು ಕೆಳಗಿನಿಂದ ಕಾಣುತ್ತಿತ್ತು. 'ರೀ, ಹಿಡ್ಕೊಂಡಿದೀನಿ, ಕೈ ಬಿಡಿ' ಅಂದೆ. ಒಂದು ಸಲ ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಬಿಟ್ಟರು. ಹಗ್ಗ ಕಿರ್ ಅಂತ ಬಿಗಿಯಿತು, ಚೀಲ ನೆಲ ಬಿಟ್ಟು ಕದಲಲಿಲ್ಲ, ನಾನೂ ಕದಲಲಿಲ್ಲ. ಇವರು ಗಾಳಿಯಲ್ಲಿ ತೂಗಾಡುತ್ತಾ ಮೇಲಿನಿಂದಲೇ ನಕ್ಕರು. ಆ ಮಂಗಳವಾರ ನಾನು ಮರೆಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಬೆಂಗಳೂರಿನಲ್ಲಿ ಕ್ಲೈಂಬಿಂಗ್ ಜಿಮ್ ಅಂತ ಹುಡುಕಿದರೆ ಸಿಗುವ ಹಲವು ಕಡೆ ಬೌಲ್ಡರಿಂಗ್ ಮಾತ್ರ ಇರುತ್ತದೆ. ಅಂದರೆ ಚಿಕ್ಕ ಗೋಡೆ, ಕೆಳಗೆ ದಪ್ಪ ಹಾಸು, ಹಗ್ಗ ಇಲ್ಲ. ಅದೂ ಚೆನ್ನಾಗಿದೆ, ಆದರೆ ಅಲ್ಲಿ ಹಿಡಿಯುವವರು ಬೇಕಿಲ್ಲ. ಫೋನ್ ಮಾಡಿ 'ಟಾಪ್ ರೋಪ್ ಇದೆಯಾ', ಅಂದರೆ ಮೇಲಿನ ಕೊಂಡಿಯಲ್ಲಿ ಹಾದ ಹಗ್ಗ ಇದೆಯಾ, ಅಂತ ಕೇಳಿಯೇ ಹೋಗಿ. ಕಂಠೀರವ ಕ್ರೀಡಾಂಗಣದಲ್ಲೂ ಎತ್ತರದ ಗೋಡೆ ಇದೆ.

ಖರ್ಚು ನಮಗೆ ಹೀಗಿದೆ. ಒಬ್ಬರಿಗೆ ಒಂದು ಸಂಜೆಗೆ ₹450. ತಿಂಗಳಿಗೆ ನಾಲ್ಕು ಸಲ ಇಬ್ಬರೂ ಹೋದರೆ ₹3,600. ಶೂ, ಹಾರ್ನೆಸ್ ಮೊದಲ ಮೂರು ತಿಂಗಳು ಅಲ್ಲಿನವೇ. ಬಿಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ಶೂ ಮಾತ್ರ ಸ್ವಂತದ್ದು ತಗೊಂಡೆವು. ಬೆರಳಿಗೆ ಬಿಗಿಯಾಗಿರಬೇಕು, ನೋಯಬಾರದು. ಹಗ್ಗ ಕೊಳ್ಳಲು ಹೋಗಬೇಡಿ, ಸದ್ಯಕ್ಕೆ ಅದರ ಅಗತ್ಯವಿಲ್ಲ. ದಾಂಡೇಲಿಯ ಆ ಎರಡು ದಿನದ ದುಡ್ಡಿಗೆ ಇಲ್ಲಿ ನಾಲ್ಕು ತಿಂಗಳು ಕಳೆಯುತ್ತದೆ. ಹತ್ತುವುದರಲ್ಲಿ ಇವರಿಗಿಂತ ನಾನೇ ಮುಂದು ಅನ್ನುವುದೂ ಒಂದು ಖುಷಿ. ಹಗುರ ಇರುವವರಿಗೆ ಇಲ್ಲಿ ಲಾಭ, ತೋಳಿನ ಬಲಕ್ಕಿಂತ ಕಾಲನ್ನು ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ.

ಹೊರಗಿನ ಬಂಡೆ ಒಂದೇ ಸಲ ಹತ್ತಿದ್ದೇವೆ, ರಾಮನಗರದ ಕಡೆ, ಪಳಗಿದವರ ಜೊತೆ. ಅಲ್ಲಿ ಚೀಲ ಇಲ್ಲವಲ್ಲ, ನನ್ನನ್ನು ಹಿಂದಿನ ಮರದ ಬುಡಕ್ಕೆ ಕಟ್ಟಿ ನಿಲ್ಲಿಸಿದರು. ಗ್ರಾನೈಟ್ ಒರಟು, ಬೆರಳ ತುದಿ ಎರಡು ದಿನ ಉರಿಯಿತು, ಸೋಪು ಮುಟ್ಟಲು ಆಗಲಿಲ್ಲ. ಡಿಸೆಂಬರಿನಲ್ಲಿ ಬಾದಾಮಿಗೆ ಹೋಗುವ ಯೋಚನೆ ಇದೆ. ಅಲ್ಲಿನದು ಮರಳುಗಲ್ಲು, ಕೈಗೆ ಹಿತ ಅನ್ನುತ್ತಾರೆ. ಮಗಳನ್ನು ಎರಡು ದಿನ ನೋಡಿಕೊಳ್ಳಲು ಅತ್ತೆ ಒಪ್ಪಿದ್ದಾರೆ. ರೈಲು ಟಿಕೆಟ್ ಇನ್ನೂ ಬುಕ್ ಮಾಡಬೇಕು.