ಪೋರ್ನ್ ಬಿಡಿಸುವ ಆ್ಯಪ್‌ಗಳು: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದು ಫೋನಿನಲ್ಲೇ ಇದೆ

ಪೋರ್ನ್ ಗೀಳು ಬಿಡಿಸುತ್ತೇವೆ ಎನ್ನುವ ಆ್ಯಪ್‌ಗಳು ಸ್ಟೋರಿನಲ್ಲಿ ಹತ್ತಾರು ಇವೆ. ಬ್ರೈನ್‌ಬಡ್ಡಿ, ಫೋರ್ಟಿಫೈ, ಕ್ವಿಟರ್, ಬ್ಲಾಕರ್‌ಎಕ್ಸ್, ಕವೆನಂಟ್ ಐಸ್, ಎವರ್ ಅಕೌಂಟಬಲ್ ಹೆಚ್ಚು ಕೇಳಿಬರುವ ಹೆಸರುಗಳು. ಬಣ್ಣ, ಲೋಗೋ ಏನೇ ಇರಲಿ, ಒಳಗೆ ನಡೆಯುವುದು ನಾಲ್ಕೇ ಕೆಲಸ: ದಿನ ಎಣಿಸುವುದು, ಸೈಟು ತಡೆಯುವುದು, ನೋಡಿದ್ದನ್ನು ಇನ್ನೊಬ್ಬರಿಗೆ ತಿಳಿಸುವುದು, ಪಾಠ ಮತ್ತು ಅಭ್ಯಾಸ ಕೊಡುವುದು. ದಿನ ಎಣಿಸುವುದಕ್ಕೆ ದುಡ್ಡು ಕೊಡಬೇಡಿ. ತಡೆಯ ಮುಕ್ಕಾಲು ಭಾಗವನ್ನು ಫೋನಿನಲ್ಲೇ ಪುಕ್ಕಟೆ ಹಾಕಿಕೊಳ್ಳಬಹುದು. ಕೊಡುವುದಾದರೆ ಉಳಿದೆರಡಕ್ಕೆ ಕೊಡಿ. ಆ್ಯಪ್ ಒಳ್ಳೆಯದೋ ಅಲ್ಲವೋ ಎಂದು ಗೊತ್ತಾಗುವುದು ಚೆನ್ನಾಗಿ ನಡೆದ ದಿನ ಅಲ್ಲ, ಜಾರಿದ ರಾತ್ರಿ.

ಮೊದಲಿಗೆ, ಆ್ಯಪ್ ತೆರೆದ ಕೂಡಲೇ ಬರುವ ಪ್ರಶ್ನಾವಳಿಯ ವಿಷಯ. ಹದಿನೈದಿಪ್ಪತ್ತು ಪ್ರಶ್ನೆ ಕೇಳಿ, ಕೆಂಪು ಬಣ್ಣದಲ್ಲಿ ಒಂದು ಶೇಕಡಾವಾರು ತೋರಿಸಿ, ಅದರ ಬೆನ್ನಿಗೇ ಚಂದಾ ಪುಟ ತೆರೆಯುವುದು ಮಾರಾಟದ ತಂತ್ರ, ತಪಾಸಣೆ ಅಲ್ಲ. ನಿಜವಾಗಿ ಅಳೆದುಕೊಳ್ಳಬೇಕಾದರೆ ಸಂಶೋಧಕರು ಬಳಸುವ ಪಿಪಿಸಿಎಸ್-6 ಇದೆ: ಆರು ಪ್ರಶ್ನೆ, ಒಂದೊಂದಕ್ಕೆ 1ರಿಂದ 7 ಅಂಕ. ಒಟ್ಟು 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ಇರಬಹುದು ಎಂಬ ಸುಳಿವು ಅಷ್ಟೆ, ರೋಗನಿರ್ಣಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11, 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಹತೋಟಿ ತಪ್ಪಿದ ಲೈಂಗಿಕ ನಡವಳಿಕೆಗೆ ಪ್ರತ್ಯೇಕ ಜಾಗ ಇದೆ, ಆದರೆ ಅದು ಇರುವುದು ವ್ಯಸನಗಳ ಸಾಲಿನಲ್ಲಲ್ಲ, ಆವೇಗ ಹತೋಟಿಯ ತೊಂದರೆಗಳ ಸಾಲಿನಲ್ಲಿ. ಬಿಡಬೇಕೆಂದು ಮತ್ತೆ ಮತ್ತೆ ಯತ್ನಿಸಿಯೂ ಆಗದಿರುವುದು, ಓದು, ಕೆಲಸ, ಸಂಬಂಧ ಕೆಡುವುದು, ಇದು ಆರು ತಿಂಗಳೋ ಹೆಚ್ಚೋ ನಡೆದಿರುವುದು ಅಲ್ಲಿನ ಮುಖ್ಯ ಲಕ್ಷಣಗಳು. ನೋಡುವುದು ಪಾಪ ಎಂಬ ಸಂಕಟವೊಂದೇ ಇದ್ದರೆ ಅದು ಸಾಲದು ಎಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪರೂಪಕ್ಕೊಮ್ಮೆ ನೋಡಿ ಇಡೀ ವಾರ ಕೊರಗುವ ಹುಡುಗನಿಗೆ ಬ್ಲಾಕರ್‌ಗಿಂತ ಒಬ್ಬ ಆಪ್ತಸಮಾಲೋಚಕರ ಜೊತೆ ಮಾತು ಹೆಚ್ಚು ಉಪಕಾರ ಮಾಡುತ್ತದೆ.

ಇನ್ನು ದಿನದ ಎಣಿಕೆ. ಬ್ರೈನ್‌ಬಡ್ಡಿಯಲ್ಲಿ ದಿನ ಹೆಚ್ಚಿದಂತೆ ಒಂದು ಮರ ಬೆಳೆಯುತ್ತದೆ, ಬೇರೆ ಆ್ಯಪ್‌ಗಳಲ್ಲಿ ಪದಕವೋ ಗ್ರಹವೋ ಇರುತ್ತದೆ. ಮೊದಲ ಎರಡು ವಾರ ಇದು ಹುರುಪು ಕೊಡುವುದು ನಿಜ. ತೊಂದರೆ ಬರುವುದು ಎಣಿಕೆ ಒಮ್ಮೆಗೇ ಸೊನ್ನೆಗೆ ಬಿದ್ದಾಗ. 'ಹೇಗೂ ಹೋಯಿತಲ್ಲ, ಇವತ್ತು ಪೂರ್ತಿ ನೋಡಿಬಿಡೋಣ' ಎಂಬ ಲೆಕ್ಕಾಚಾರ ಅಲ್ಲಿ ಹುಟ್ಟುತ್ತದೆ. ಕುಡಿತ ಬಿಡುವವರಲ್ಲಿ ಮನೋವಿಜ್ಞಾನಿ ಅಲನ್ ಮಾರ್ಲಟ್ 1980ರ ದಶಕದಲ್ಲೇ ಗುರುತಿಸಿದ್ದು ಇದನ್ನೇ: ಒಂದು ಸಣ್ಣ ಜಾರುವಿಕೆಯನ್ನು ದೊಡ್ಡ ಬೀಳುವಿಕೆಯಾಗಿ ಮಾಡುವುದು ಆಮೇಲೆ ಬರುವ ತಪ್ಪಿತಸ್ಥ ಭಾವ. ಹಾಗಾಗಿ ಆ್ಯಪ್ ಇಳಿಸಿದ ದಿನವೇ ಬೇಕೆಂದೇ ಒಮ್ಮೆ 'ಜಾರಿದೆ' ಎಂದು ಒತ್ತಿ ನೋಡಿ. ಹಿಂದಿನ ದಿನಗಳೆಲ್ಲ ಅಳಿಸಿಹೋಗಿ ಒಡೆದ ಹೃದಯದ ಚಿತ್ರ ಬಂದರೆ ಆ ಆ್ಯಪ್ ಬೇಡ. 'ಈ ತಿಂಗಳ 30 ದಿನದಲ್ಲಿ 26 ದಿನ' ಎಂದು ತೋರಿಸಿ, ಆಗ ಎಲ್ಲಿದ್ದಿರಿ, ಎಷ್ಟು ಗಂಟೆ, ಏನು ಅನಿಸುತ್ತಿತ್ತು ಎಂದು ಕೇಳಿದರೆ ಇಟ್ಟುಕೊಳ್ಳಿ. ಫೋರ್ಟಿಫೈಯ ದಾಖಲೆ ಪುಟ ಈ ಬಗೆಯದು. 'ರಾತ್ರಿ 11:40, ಹಾಸಿಗೆ, ರೀಲ್ಸ್ ನೋಡುತ್ತಿದ್ದೆ, ಬೇಸರ' ಎಂಬಂಥ ಏಳೆಂಟು ಸಾಲು ಕೂಡಿದರೆ ಸಾಕು, ಮಾಡಬೇಕಾದ್ದು ತಾನೇ ಕಾಣುತ್ತದೆ: ಚಾರ್ಜರ್ ಮಲಗುವ ಕೋಣೆಯಿಂದ ಆಚೆಗೆ, ಅಲಾರಂಗೆ ಬೇರೆ ಗಡಿಯಾರ. 90 ದಿನದಲ್ಲಿ ಮೆದುಳು 'ರೀಬೂಟ್' ಆಗುತ್ತದೆ ಎಂಬ ಮಾತನ್ನು ನಂಬಿ ಚಂದಾ ಕಟ್ಟಬೇಡಿ. 90 ಎಂಬ ಗಡಿಗೆ ವೈದ್ಯಕೀಯ ಆಧಾರ ಇಲ್ಲ.

ತಡೆಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಜನ ಮೋಸಹೋಗುವುದು ಇಲ್ಲೇ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದೊಳಗೆ 'ಪ್ರೈವೇಟ್ ಡಿಎನ್‌ಎಸ್' ಇರುತ್ತದೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರನ್ನು ಅದರ ಅಂಕಿ ವಿಳಾಸಕ್ಕೆ ಬದಲಿಸಿಕೊಡುವ ಸೇವೆ. ಅಲ್ಲಿ ಕ್ಲೌಡ್‌ಫ್ಲೇರ್‌ನ ಕುಟುಂಬ ವಿಳಾಸ, ಅಂದರೆ ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್, ಟೈಪ್ ಮಾಡಿದರೆ ಪೋರ್ನ್ ಸೈಟುಗಳಲ್ಲಿ ಬಹುಪಾಲು ತೆರೆಯುವುದಿಲ್ಲ. ಹಲವರು ಇಲ್ಲಿ 1.1.1.3 ಎಂದು ಅಂಕಿ ಹಾಕಿ, ಸೇವ್ ಆಗುತ್ತಿಲ್ಲ ಎಂದು ಕೈಬಿಡುತ್ತಾರೆ. ಈ ಜಾಗ ಹೆಸರನ್ನು ಮಾತ್ರ ತೆಗೆದುಕೊಳ್ಳುತ್ತದೆ, ಅಂಕಿ ಹಾಕಬೇಕಾದ್ದು ವೈಫೈ ರೌಟರ್‌ನಲ್ಲಿ: 1.1.1.3 ಮತ್ತು 1.0.0.3. ಎಲ್ಲ ಸರಿ ಹಾಕಿಯೂ ಸೈಟು ತೆರೆದರೆ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಬೇರೆ ಕಂಪನಿಯ ಹೆಸರಿಗೆ ಇದೆಯೇ ನೋಡಿ. ಇದ್ದರೆ ಬ್ರೌಸರ್ ಫೋನಿನ ತಡೆಯನ್ನು ದಾಟಿ ಹೋಗುತ್ತದೆ. ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ವಿಪಿಎನ್ ಆ್ಯಪ್ ಇದ್ದರೂ ಹಾಗೆಯೇ.

ಡಿಎನ್‌ಎಸ್‌ಗೆ ಸೈಟಿನ ಹೆಸರು ಮಾತ್ರ ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ. ರೆಡಿಟ್, ಟೆಲಿಗ್ರಾಂ, ಎಕ್ಸ್ ಇಂಥವನ್ನು ಅದು ಪೂರ್ತಿ ಬಿಡಬೇಕು ಇಲ್ಲವೇ ಪೂರ್ತಿ ತಡೆಯಬೇಕು. ಈ ಕಂಡಿ ಮುಚ್ಚುತ್ತೇವೆ ಎಂದು ಬರುವುದೇ ಬ್ಲಾಕರ್‌ಎಕ್ಸ್ ಥರದ ಆ್ಯಪ್‌ಗಳು. ಆಂಡ್ರಾಯ್ಡ್‌ನಲ್ಲಿ ಇವು 'ಆ್ಯಕ್ಸೆಸಿಬಿಲಿಟಿ' ಅನುಮತಿ ಪಡೆದು ಪರದೆಯ ಮೇಲಿನ ಪದಗಳನ್ನು ಓದಿ, ಪಟ್ಟಿಯ ಪದ ಕಂಡೊಡನೆ ಆ ಪುಟ ಮುಚ್ಚುತ್ತವೆ. ಎರಡು ದಿನ ಕೆಲಸ ಮಾಡಿ ಮೂರನೆಯ ದಿನ ನಿಂತರೆ ಕಾರಣ ಸಾಮಾನ್ಯವಾಗಿ ಬ್ಯಾಟರಿ ಉಳಿತಾಯ: ಫೋನೇ ಹಿನ್ನೆಲೆಯಲ್ಲಿ ಅದನ್ನು ಕೊಂದಿರುತ್ತದೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗನ್ನು 'ಅನಿರ್ಬಂಧಿತ' ಮಾಡಿ, ಫೋನ್ ಅಪ್‌ಡೇಟ್ ಆದ ಮೇಲೆ ಅನುಮತಿ ಉಳಿದಿದೆಯೇ ನೋಡಿ. ಪದಗಳ ಪಟ್ಟಿ ಇಂಗ್ಲಿಷಿನದಾಗಿದ್ದರೆ ಕನ್ನಡದಲ್ಲಿ ಹುಡುಕಿದ್ದು ಸಲೀಸಾಗಿ ದಾಟುತ್ತದೆ, ನಿಮ್ಮ ಪದಗಳನ್ನು ನೀವೇ ಸೇರಿಸಬೇಕು. ಉಲ್ಟಾ ಕೂಡ ಆಗುತ್ತದೆ: ಆರೋಗ್ಯದ ಮಾಹಿತಿ ಪುಟವೂ ಮುಚ್ಚಿಹೋಗುತ್ತದೆ. ಕೆಲವು ಬ್ಯಾಂಕ್ ಆ್ಯಪ್‌ಗಳಂತೂ ಈ ಅನುಮತಿ ಚಾಲೂ ಇದ್ದರೆ ತೆರೆಯಲು ಒಪ್ಪುವುದೇ ಇಲ್ಲ.

ಐಫೋನಿನಲ್ಲಿ ಯಾವ ಆ್ಯಪ್ ಕೊಳ್ಳುವ ಮುಂಚೆಯೂ ಸ್ಕ್ರೀನ್ ಟೈಮ್ ಹಾಕಿ. ಅದರ ಕಂಟೆಂಟ್ ನಿರ್ಬಂಧಗಳಲ್ಲಿ ವೆಬ್ ಕಂಟೆಂಟ್‌ಗೆ ಹೋಗಿ ವಯಸ್ಕರ ಸೈಟು ಮಿತಿಗೊಳಿಸುವ ಆಯ್ಕೆ ಒತ್ತಿದರೆ ಸಫಾರಿಯ ಪ್ರೈವೇಟ್ ಟ್ಯಾಬ್ ಕೂಡ ಮಾಯವಾಗುತ್ತದೆ. ಆ್ಯಪ್ ಅಳಿಸುವುದನ್ನೂ ಅಲ್ಲೇ ನಿಷೇಧಿಸಬಹುದು. ಪಾಸ್‌ಕೋಡ್ ಇನ್ನೊಬ್ಬರು ಹಾಕಲಿ. ಆಗ ಒಂದು ಪರದೆ ಬರುತ್ತದೆ: ಪಾಸ್‌ಕೋಡ್ ಮರೆತರೆ ಮರಳಿ ಪಡೆಯಲು ಆ್ಯಪಲ್ ಖಾತೆ ಕೊಡಿ ಎಂದು. ಅಲ್ಲಿ ನಿಮ್ಮ ಖಾತೆ ಕೊಟ್ಟರೆ ಅದೇ ರಾತ್ರಿ ನೀವೇ ಬೀಗ ತೆಗೆಯಬಹುದು. ಬೀಗ ಹಾಕಿದವರ ಖಾತೆ ಕೊಡಿ.

ಬೀಗದ ಕೈ ಯಾರ ಹತ್ತಿರ ಇರಬೇಕು? ಹೆಂಡತಿಯನ್ನೋ ಗೆಳತಿಯನ್ನೋ ಕಾವಲಿಗೆ ಕೂರಿಸಬೇಡಿ. ಆಕೆಗೆ ಆಗಲೇ ನೋವಾಗಿರುತ್ತದೆ, ಮೇಲೆ ಪೊಲೀಸ್ ಕೆಲಸ ಬೇಡ. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದರೂ ಎತ್ತುವ ಗೆಳೆಯನೋ ಅಣ್ಣನೋ ಸಾಕು. ಯಾವ ತಡೆಯನ್ನೂ ದಾಟಲು ದಾರಿ ಇದ್ದೇ ಇದೆ. ತಡೆ ಕೊಡುವುದು ಕೆಲವು ನಿಮಿಷಗಳ ಅಡ್ಡಿಯನ್ನು, ಆ ನಿಮಿಷಗಳಿಗೇ ಬೆಲೆ. ಒನ್ ಸೆಕ್ ಎಂಬ ಆ್ಯಪ್ ಮಾಡುವುದು ಇಷ್ಟೇ: ನೀವು ಆರಿಸಿದ ಆ್ಯಪ್ ತೆರೆಯುವ ಮುಂಚೆ ಒಮ್ಮೆ ಉಸಿರೆಳೆಸಿ, 'ಬೇಕೇ?' ಎಂದು ಕೇಳುತ್ತದೆ. 2023ರಲ್ಲಿ ಪ್ರಕಟವಾದ ಆರು ವಾರಗಳ ಅಧ್ಯಯನದಲ್ಲಿ ಬಳಕೆದಾರರು ಶೇ 36ರಷ್ಟು ಸಲ ಅಲ್ಲಿಂದಲೇ ಹಿಂತಿರುಗಿದ್ದರು. ಅದು ನಡೆದದ್ದು ಸಾಮಾಜಿಕ ಜಾಲತಾಣಗಳ ಮೇಲೆ, ಪೋರ್ನ್ ಮೇಲಲ್ಲ. ಆದರೂ ರೀಲ್ಸ್‌ನಿಂದ ಶುರುವಾಗಿ ಅಲ್ಲಿಗೆ ಹೋಗುವವರು ಬಹಳ ಇರುವುದರಿಂದ ಇದನ್ನು ಶಿಫಾರಸು ಮಾಡುತ್ತೇವೆ.

ಇನ್ನು ನೋಡಿದ್ದನ್ನು ಇನ್ನೊಬ್ಬರಿಗೆ ತಿಳಿಸುವ ಕೆಲಸ. ಕವೆನಂಟ್ ಐಸ್ 2000ದಿಂದ ಇರುವ ಕಂಪನಿ, ಕ್ರೈಸ್ತ ಹಿನ್ನೆಲೆಯದು. ಪರದೆಯ ಚಿತ್ರ ತೆಗೆದು, ಮಸುಕು ಮಾಡಿ, ನೀವು ಆರಿಸಿದ ಸಂಗಾತಿಗೆ (ಮೇಲೆ ಹೇಳಿದ ಗೆಳೆಯನೋ ಅಣ್ಣನೋ, ಹೆಂಡತಿ ಅಲ್ಲ) ವರದಿ ಕಳಿಸುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುವ ಈ ವ್ಯವಸ್ಥೆ ಐಫೋನಿನಲ್ಲಿ ಬಹಳ ಸೊರಗುತ್ತದೆ, ಏಕೆಂದರೆ ಒಂದು ಆ್ಯಪ್ ಇನ್ನೊಂದರ ಪರದೆ ನೋಡುವುದನ್ನು ಆ್ಯಪಲ್ ಬಿಡುವುದಿಲ್ಲ. 2022ರಲ್ಲಿ ಆ್ಯಕ್ಸೆಸಿಬಿಲಿಟಿ ಅನುಮತಿಯ ಬಳಕೆಯ ಕಾರಣಕ್ಕೆ ಗೂಗಲ್ ಇದನ್ನೂ ಇದೇ ಬಗೆಯ ಅಕೌಂಟಬಲ್ ಟು ಯೂ ಆ್ಯಪನ್ನೂ ಪ್ಲೇ ಸ್ಟೋರ್‌ನಿಂದ ತೆಗೆದಿತ್ತು. ಬೇರೊಬ್ಬರ ಒತ್ತಾಯಕ್ಕೆ ಇಂಥದ್ದನ್ನು ಹಾಕಿಸಿಕೊಂಡರೆ ಅದು ಬೇಹುಗಾರಿಕೆ, ಗುಣ ಆಗುವ ದಾರಿ ಅಲ್ಲ. ಸ್ವಂತ ಇಚ್ಛೆಯಿಂದ ಹಾಕುವುದಾದರೆ ಸಂಗಾತಿಯ ಜೊತೆ ಮೊದಲೇ ಮಾತಾಡಿಕೊಳ್ಳಿ: ವರದಿ ಬಂದ ದಿನವೇ ಕರೆ ಮಾಡಬೇಕು, 'ಆಗ ಏನಾಗಿತ್ತು?' ಎಂದು ಕೇಳಬೇಕು, ಉಪದೇಶ ಬೇಡ. ವರದಿ ತೆರೆಯದ ಸಂಗಾತಿ ಇದ್ದೂ ಇಲ್ಲದಂತೆ.

ಪಾಠಗಳಲ್ಲಿ ಹುರಿದುಂಬಿಸುವ ವಿಡಿಯೊ ಕಡಿಮೆ, ಅಭ್ಯಾಸ ಹೆಚ್ಚು ಇರಬೇಕು. ತುಡಿತ ಬಂದಾಗ ಅದರ ಜೊತೆ ಜಗಳಕ್ಕಿಳಿಯದೆ, ಎದೆಯಲ್ಲೋ ಹೊಟ್ಟೆಯಲ್ಲೋ ಎಲ್ಲಿ ಬಿಗಿಯಾಗಿದೆ ಎಂದು ಗಮನಿಸುತ್ತ ಅದು ಏರಿ ಇಳಿಯುವುದನ್ನು ಕಾಯುವುದನ್ನು ಕಲಿಸಬೇಕು. 'ಹೀಗಾದರೆ ಹಾಗೆ ಮಾಡುತ್ತೇನೆ' ಎಂದು ಮುಂಚೆಯೇ ಬರೆಸಬೇಕು. ಸ್ವೀಕಾರ ಮತ್ತು ಬದ್ಧತೆ ಚಿಕಿತ್ಸೆ ಈ ಬಗೆಯದು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 28 ಗಂಡಸರ ಪೈಕಿ 12 ಭೇಟಿಗಳ ಚಿಕಿತ್ಸೆ ಪಡೆದವರ ನೋಡುವಿಕೆ ಶೇ 93ರಷ್ಟು ಇಳಿಯಿತು, ಸರದಿಗೆ ಕಾದವರಲ್ಲಿ ಇಳಿದದ್ದು ಶೇ 21. ಅದು ಎದುರಿಗೆ ಚಿಕಿತ್ಸಕರು ಇದ್ದಾಗಿನ ಫಲ, ಆ್ಯಪ್ ಒಂದರದ್ದಲ್ಲ ಎಂಬುದನ್ನು ಮರೆಯಬಾರದು. ತಾನೇ ಕಲಿಯುವ ಆರು ವಾರಗಳ ವೆಬ್ ಕಾರ್ಯಕ್ರಮವೊಂದರ ಪ್ರಯೋಗದಲ್ಲಿ ನಡುವೆ ಬಿಟ್ಟುಹೋದವರೇ ಬಹಳ. ಪಾಠಕ್ಕೆ ದಿನದ ಒಂದು ಹೊತ್ತು ಗೊತ್ತು ಮಾಡಿಕೊಳ್ಳದಿದ್ದರೆ ಎಂಥ ಆ್ಯಪೂ ಮೂರನೇ ವಾರಕ್ಕೆ ಮೂಲೆಗೆ ಬೀಳುತ್ತದೆ.

'ಪ್ಯಾನಿಕ್ ಬಟನ್' ಇದ್ದರೆ ಇಂಟರ್ನೆಟ್ ಬಂದ್ ಮಾಡಿ ಒತ್ತಿ ನೋಡಿ. ವಿಡಿಯೊ ಲೋಡ್ ಆಗುತ್ತ ಕೂತರೆ ಪ್ರಯೋಜನ ಇಲ್ಲ. ಫೋನ್ ಕೈಯಿಂದ ಇಳಿಸುವಂಥದ್ದು, ಉದಾಹರಣೆಗೆ ನೇರವಾಗಿ ಗೆಳೆಯನಿಗೆ ಕರೆ ಹೋಗುವುದು, ಎಲ್ಲಕ್ಕಿಂತ ಚೆನ್ನ. ಆ್ಯಪ್ ಒಳಗಿನ ಹರಟೆ ಗುಂಪುಗಳನ್ನು ಆಫ್ ಮಾಡಿ. ಬೇರೆಯವರು ಜಾರಿದ್ದನ್ನು ವಿವರವಾಗಿ ಬರೆದದ್ದೇ ಕೆಲವರಿಗೆ ತುಡಿತ ಎಬ್ಬಿಸುತ್ತದೆ.

ನೋಡಬೇಕೆನಿಸುವುದರ ಜೊತೆಗೆ ಬದುಕು ಬೇಡ ಎನಿಸುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮಕ್ಕಳ ಚಿತ್ರಗಳ ಕಡೆ ಮನಸ್ಸು ಹೋಗುತ್ತಿದ್ದರೆ ಆ್ಯಪ್ ಹುಡುಕುತ್ತ ದಿನ ಕಳೆಯಬೇಡಿ. ನೇರ ಮನೋವೈದ್ಯರನ್ನು ಕಾಣಿ.

ಖಾತೆ ತೆರೆಯುವಾಗ ಹೆಸರಿಲ್ಲದ ಹೊಸ ಇಮೇಲ್ ಕೊಡಿ, ನೋಟಿಫಿಕೇಶನ್ ಪಠ್ಯವನ್ನು ಲಾಕ್ ಪರದೆಯಲ್ಲಿ ಮರೆಮಾಡಿ. ಖಾತೆ ಮಾಡಿಸುವ ಆ್ಯಪ್ ಖಾತೆ ಅಳಿಸುವ ದಾರಿಯನ್ನೂ ಕೊಡಬೇಕೆಂದು ಎರಡೂ ಸ್ಟೋರ್‌ಗಳ ನಿಯಮ ಇದೆ. ಬಿಡುವಾಗ ಮೊದಲು ಖಾತೆ ಅಳಿಸಿ, ಆಮೇಲೆ ಆ್ಯಪ್. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಅದನ್ನು ಸ್ಟೋರ್‌ನ 'ಸಬ್‌ಸ್ಕ್ರಿಪ್ಶನ್ಸ್' ಪುಟದಲ್ಲಿ ಬೇರೆಯೇ ರದ್ದು ಮಾಡಬೇಕು, ಅದೂ ಉಚಿತ ಅವಧಿ ಮುಗಿಯಲು ಕನಿಷ್ಠ ಒಂದು ದಿನ ಇರುವಾಗಲೇ.