ರೆಸ್ಯೂಮೆ ತಿದ್ದಿ ಅಪ್ಲೈ ಮಾಡಿಕೊಡೋ ಸಾಫ್ಟ್‌ವೇರ್: ಒಂದು ವರ್ಷದ ಮೇಲೆ ಬಳಸಿ ಬರೀತಿರೋ ರಿವ್ಯೂ

ಇಂಥ ಟೂಲ್‌ಗಳ ಬಗ್ಗೆ ಬರೋ ರಿವ್ಯೂ ಹೆಚ್ಚಿನವು ಮೊದಲ ವಾರದ ಖುಷಿಯಲ್ಲಿ ಬರೆದಿರೋವು. ನಾನು ಡೇಟಾ ಅನಲಿಸ್ಟ್ ಕೆಲಸ ಹುಡುಕ್ತಾ ದುಡ್ಡು ಕೊಟ್ಟು ಚಂದಾ ತಗೊಂಡು ಒಂದು ವರ್ಷದ ಮೇಲಾಯ್ತು, ನಡುವೆ ಕೆಲಸ ಸಿಕ್ತು, ಆಮೇಲೂ ಇಟ್ಕೊಂಡಿದೀನಿ, ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ. ಟೂಲ್ ಹೆಸರು ಹೇಳ್ತಿಲ್ಲ, ಯಾಕಂದ್ರೆ 2022ರ ಕೊನೆಗೆ ಚಾಟ್‌ಜಿಪಿಟಿ ಬಂದ್ಮೇಲೆ ಈ ತರದ್ದು ಲೆಕ್ಕವಿಲ್ಲದಷ್ಟು ಬಂದಿವೆ, ಒಳಗಡೆ ನಡೆಯೋ ಕೆಲಸ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ.

ಆ ಕೆಲಸದಲ್ಲಿ ಎರಡು ಭಾಗ ಇದೆ. ಒಂದು, ನಮ್ಮ ರೆಸ್ಯೂಮೆನ ಒಂದೊಂದು ಜಾಬ್ ಡಿಸ್ಕ್ರಿಪ್ಷನ್‌ಗೆ ತಕ್ಕಂಗೆ ತಿದ್ದಿಕೊಡೋದು. ಇನ್ನೊಂದು, ಬ್ರೌಸರ್ ಎಕ್ಸ್‌ಟೆನ್ಷನ್ ಮೂಲಕ ಫಾರ್ಮ್ ತುಂಬಿ, ನಾವು ಬಿಟ್ರೆ ಸಬ್ಮಿಟ್ಟೂ ಒತ್ತಿಬಿಡೋದು. ಮೊದಲನೇದು ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಎರಡನೇದರಲ್ಲಿ ಫಾರ್ಮ್ ತುಂಬೋವರೆಗೂ ಸರಿ, ಸಬ್ಮಿಟ್ ಮಾತ್ರ ಅದರ ಕೈಗೆ ಕೊಡಬೇಡಿ. ನನ್ನ ರಿವ್ಯೂ ಇಷ್ಟೇ, ಇನ್ನು ಕಾರಣ ಹೇಳ್ತೀನಿ.

ತಿದ್ದೋ ಭಾಗ ಚೆನ್ನಾಗಿ ಕೆಲಸ ಮಾಡಬೇಕು ಅಂದ್ರೆ ಮಾಸ್ಟರ್ ಪ್ರೊಫೈಲ್, ಅಂದ್ರೆ ನಮ್ಮ ಕೆಲಸದ ಬಗ್ಗೆ ಟೂಲ್‌ಗೆ ತುಂಬಿಕೊಡೋ ಪೂರ್ತಿ ಮಾಹಿತಿ, ದೊಡ್ಡದಾಗಿರಬೇಕು. ರೆಸ್ಯೂಮೆ ಅಪ್ಲೋಡ್ ಮಾಡಿ ಸುಮ್ಮನಾದ್ರೆ ಅದರ ಹತ್ರ ಆಡೋಕೆ ಏನೂ ಇರಲ್ಲ, ಇರೋ ನಾಕು ಸಾಲನ್ನೇ ಹಿಂದೆ ಮುಂದೆ ಮಾಡತ್ತೆ, ಸಾಲದೇ ಹೋದಾಗ ತಾನೇ ಹುಟ್ಟಿಸತ್ತೆ. ನಾನು ಕೂತ್ಕೊಂಡು ಇದುವರೆಗೂ ಮಾಡಿದ ಪ್ರತಿ ಪ್ರಾಜೆಕ್ಟ್, ಅದರಲ್ಲಿ ನನ್ನ ಪಾಲು ಎಷ್ಟು, ಯಾವ ಡೇಟಾಬೇಸ್, ರಿಪೋರ್ಟ್ ಯಾರು ನೋಡ್ತಿದ್ರು, ಎಲ್ಲಾ ಬರೆದು ಹಾಕಿದೆ, ಒಂದು ರೆಸ್ಯೂಮೆಲಿ ಹಿಡಿಸೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದಾದ್ಮೇಲೆ ಟೂಲ್ ಮಾಡೋದು ಆಯ್ಕೆ ಕೆಲಸ. ಡ್ಯಾಶ್‌ಬೋರ್ಡ್ ಕೇಳಿದ ಕಡೆ ಡ್ಯಾಶ್‌ಬೋರ್ಡ್ ಪ್ರಾಜೆಕ್ಟ್ ಮೇಲಕ್ಕೆ ಬರತ್ತೆ, ಡೇಟಾ ಕ್ಲೀನಿಂಗ್ ಕೇಳಿದ ಕಡೆ ಅದು. ಕೈಯಲ್ಲಿ ಮಾಡಿದ್ರೆ ಒಂದು ಸಂಜೆ ಪೂರ್ತಿ ಹೋಗೋದು, ಈಗ ಟೂಲ್ ಕೊಟ್ಟಿದ್ದನ್ನ ಓದಿ ಸರಿಮಾಡೋ ಹೊತ್ತು ಸಾಕು. ಆ ಓದೋದನ್ನ ಮಾತ್ರ ಬಿಡೋ ಹಾಗಿಲ್ಲ.

ಯಾಕೆ ಬಿಡೋ ಹಾಗಿಲ್ಲ ಅಂದ್ರೆ, ಡೇಟಾನ ಚಾರ್ಟ್ ಮಾಡಿ ತೋರಿಸೋ ಸಾಫ್ಟ್‌ವೇರ್‌ಗಳಲ್ಲಿ ನನ್ನ ಪ್ರೊಫೈಲ್‌ನಲ್ಲಿ ಟ್ಯಾಬ್ಲೋ ಇದೆ, ಪವರ್ ಬಿಐ ಇಲ್ಲ. ಕಂಪನಿ ಪವರ್ ಬಿಐ ಕೇಳಿದ್ರೆ ಟೂಲ್ ಸ್ಕಿಲ್ಸ್ ಸಾಲಲ್ಲಿ ಸದ್ದಿಲ್ಲದೆ ಪವರ್ ಬಿಐ ಸೇರಿಸತ್ತೆ, ಎರಡೂ ಒಂದೇ ಜಾತಿ ಸಾಫ್ಟ್‌ವೇರ್ ಅಲ್ವಾ ಅಂತ ಅದರ ಲೆಕ್ಕ. "ಟೀಮ್‌ನಲ್ಲಿ ಇದ್ದೆ" ಅಂತ ಬರೆದಿದ್ದು "ಟೀಮ್ ಮುನ್ನಡೆಸಿದೆ" ಆಗತ್ತೆ. ನಾನು ಎಲ್ಲೂ ಅಳೆಯದೇ ಇರೋ ಕೆಲಸಕ್ಕೆ ಇಷ್ಟು ಪರ್ಸೆಂಟ್ ಸಮಯ ಉಳೀತು ಅಂತ ಅಂಕಿ ಬಂದು ಕೂರತ್ತೆ. ಇಂಟರ್ವ್ಯೂನಲ್ಲಿ ಮೊದಲು ಕೈ ಹಾಕೋದೇ ಇಂಥ ಸಾಲಿಗೆ, ಆ ಪರ್ಸೆಂಟ್ ಹೇಗೆ ಲೆಕ್ಕ ಹಾಕಿದ್ರಿ ಅಂತ ಕೇಳಿದ್ರೆ ಉತ್ತರ ಕೊಡಬೇಕಾದವರು ನಾವು. ಸೆಟ್ಟಿಂಗ್ಸ್‌ನಲ್ಲಿ "ಪ್ರೊಫೈಲ್‌ನಲ್ಲಿ ಇಲ್ಲದ್ದನ್ನ ಸೇರಿಸಬೇಡ" ಅಂತ ಸೂಚನೆ ಬರೆದು ಇಟ್ಟಿದೀನಿ, ತುಂಬಾ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ನನ್ನ ಟೂಲ್‌ನಲ್ಲಿ ಹಳೇ ಸಾಲು ಹೊಸ ಸಾಲು ಅಕ್ಕಪಕ್ಕ ಬಣ್ಣ ಹಾಕಿ ತೋರಿಸೋ ಸೌಲಭ್ಯ ಇದೆ, ಇದಿಲ್ಲದ ಟೂಲ್ ಎಷ್ಟೇ ಚೆನ್ನಾಗಿದ್ರೂ ತಗೋಬೇಡಿ ಅಂತೀನಿ.

ಇನ್ನು ಮ್ಯಾಚ್ ಸ್ಕೋರ್, ಅಂದ್ರೆ ನಮ್ಮ ರೆಸ್ಯೂಮೆ ಆ ಕೆಲಸಕ್ಕೆ ಎಷ್ಟು ಹೊಂದತ್ತೆ ಅಂತ ಕೊಡೋ ಅಂಕ. ಪರದೆ ಮೇಲೆ ದೊಡ್ಡದಾಗಿ 64, 82, 91 ಅಂತ ಬರತ್ತಲ್ಲ, ಅದು ಟೂಲ್ ತಾನೇ ಹಾಕ್ಕೊಂಡ ಅಂಕ, ಕಂಪನಿ ಬಳಸೋ ಎಟಿಎಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಎಟಿಎಸ್ ಅಂದ್ರೆ ಬಂದ ಅರ್ಜಿಗಳನ್ನೆಲ್ಲ ಜೋಡಿಸಿಡೋ ಸಾಫ್ಟ್‌ವೇರ್, ವರ್ಕ್‌ಡೇ, ಗ್ರೀನ್‌ಹೌಸ್, ಲಿವರ್, ಟ್ಯಾಲಿಯೋ ಇವೆಲ್ಲ ಆ ಸಾಲಿನವು. ನೂರಕ್ಕೆ 75 ರೆಸ್ಯೂಮೆನ ಎಟಿಎಸ್ ಮನುಷ್ಯರ ಕಣ್ಣಿಗೆ ಬೀಳದಂಗೆ ಬಿಸಾಕತ್ತೆ ಅಂತ ಜಾಹೀರಾತುಗಳಲ್ಲಿ ಓದಿರ್ತೀರ, ಆ ಅಂಕಿ ಹಿಂದೆ ಹೋಗಿ ಹುಡುಕಿದ್ರೆ ನೆಟ್ಟಗಿರೋ ಅಧ್ಯಯನ ಯಾವುದೂ ಸಿಗಲ್ಲ. ಹಾಗಂತ ಸೋಸೋದೇ ಸುಳ್ಳು ಅಂತಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ 2021ರಲ್ಲಿ ಮಾಡಿದ ವರದಿಯಲ್ಲಿ ಶೇ. 88ರಷ್ಟು ಕಂಪನಿಯವರೇ ಒಪ್ಕೊಂಡಿದಾರೆ, ಒಳ್ಳೇ ಅರ್ಹತೆ ಇರೋ ಅಭ್ಯರ್ಥಿಗಳೂ ಜಾಹೀರಾತಲ್ಲಿ ಇರೋ ಷರತ್ತಿಗೆ ಅಕ್ಷರಶಃ ಹೊಂದಲ್ಲ ಅಂತ ಸೋಸಿ ಹೋಗ್ತಿದಾರೆ ಅಂತ. ಅದಕ್ಕೆ ಕೀವರ್ಡ್ ಮುಖ್ಯ, ಹೌದು. ನಾವು ಮಾಡಿರೋ ಕೆಲಸಾನೇ ಅವರು ಬಳಸಿರೋ ಹೆಸರಲ್ಲಿ ಕರೆಯೋದು ಸರಿಯಾದ ಕೆಲಸ. 82 ಇದ್ದಿದ್ದನ್ನ 95 ಮಾಡೋಕೆ ಒಂದೇ ಕೀವರ್ಡನ್ನ ಆರು ಕಡೆ ತುರುಕೋದು ಬೇಡ, ಕೊನೆಗೆ ಓದೋದು ಮನುಷ್ಯರೇ.

ಫಾರ್ಮ್ಯಾಟ್ ಬಗ್ಗೆ ಒಂದು ಮಾತು. ಎರಡು ಕಾಲಮ್ ಇರೋ ಚೆಂದದ ಟೆಂಪ್ಲೇಟ್ ಬಳಸಬೇಡಿ, ರೆಸ್ಯೂಮೆಯಿಂದ ಮಾಹಿತಿ ಹೆಕ್ಕಿ ತೆಗೆಯೋ ಎಷ್ಟೋ ಪಾರ್ಸರ್‌ಗಳು ಎಡದ ಸಾಲು ಬಲದ ಸಾಲು ಬೆರೆಸಿ ಓದ್ತವೆ. ಪಿಡಿಎಫ್ ತೆರೆದು ಎಲ್ಲಾ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ, ಅಲ್ಲಿ ಕಲಸಿಹೋಗಿದ್ರೆ ಆ ಕಡೆನೂ ಕಲಸಿಹೋಗೋ ಸಾಧ್ಯತೆ ಜಾಸ್ತಿ. ಬಿಳೀ ಅಕ್ಷರದಲ್ಲಿ ಕೀವರ್ಡ್ ಬಚ್ಚಿಡೋ ಐಡಿಯಾ ಕೊಡೋರಿಗೂ ಇದೇ ಉತ್ತರ, ಬರೀ ಟೆಕ್ಸ್ಟ್ ಆಗಿ ತೆಗೆದಾಗ ಬಚ್ಚಿಟ್ಟಿದ್ದು ಎಲ್ಲದರ ಜೊತೆ ಎದ್ದು ಕಾಣತ್ತೆ.

ಈಗ ಸಬ್ಮಿಟ್ ವಿಷಯ. ರೆಸ್ಯೂಮೆ ಬಗ್ಗೆ ಎಲ್ಲರೂ ತಲೆ ಕೆಡಿಸ್ಕೊಳ್ತಾರೆ, ಆದ್ರೆ ಅರ್ಜಿ ಅಲ್ಲೇ ಬಿದ್ದುಹೋಗೋದು ಬಹಳ ಸಲ ಫಾರ್ಮ್ ಕೊನೆಯಲ್ಲಿರೋ ಸ್ಕ್ರೀನಿಂಗ್ ಪ್ರಶ್ನೆಗಳಲ್ಲಿ. ಎಷ್ಟು ವರ್ಷ ಅನುಭವ, ನೋಟಿಸ್ ಪೀರಿಯಡ್ ಎಷ್ಟು, ನಿರೀಕ್ಷಿಸೋ ಸಂಬಳ ಎಷ್ಟು, ವೀಸಾ ಸ್ಪಾನ್ಸರ್‌ಶಿಪ್ (ಕಂಪನಿನೇ ಕೆಲಸದ ವೀಸಾಗೆ ಹೊಣೆ ಹೊರೋದು) ಬೇಕಾ. ಇವುಗಳಲ್ಲಿ ಕೆಲವನ್ನ ಕಂಪನಿಯವರು ನಾಕ್‌ಔಟ್ ಅಂತ ಇಟ್ಟಿರ್ತಾರೆ, ಉತ್ತರ ತಪ್ಪಿದ್ರೆ ಯಾರೂ ಓದದೇನೇ ರಿಜೆಕ್ಟ್ ಆಗಬಹುದು. ಟೂಲ್ ಇಲ್ಲಿ ಹಿಂದಿನ ಉತ್ತರ ನೆನಪಿಟ್ಕೊಂಡು ತುಂಬತ್ತೆ. ಒಂದು ಫಾರ್ಮ್ ಕೇಳತ್ತೆ "ನಿಮಗೆ ಸ್ಪಾನ್ಸರ್‌ಶಿಪ್ ಬೇಕಾ", ಇನ್ನೊಂದು ಕೇಳತ್ತೆ "ಸ್ಪಾನ್ಸರ್‌ಶಿಪ್ ಇಲ್ಲದೇ ಕೆಲಸ ಮಾಡಬಲ್ಲಿರಾ", ಎರಡಕ್ಕೂ ಅದು ಒಂದೇ "ಇಲ್ಲ" ಹಾಕಿದ್ದನ್ನ ನಾನು ರಿವ್ಯೂ ಮೋಡ್‌ನಲ್ಲಿ (ಸಬ್ಮಿಟ್ ಮಾಡೋ ಮೊದಲು ನಮಗೆ ತೋರಿಸೋ ಹಂತ) ಕಣ್ಣಾರೆ ನೋಡಿದೀನಿ, ಎರಡನೇ ಕಡೆ ಆ ಉತ್ತರದ ಅರ್ಥ ಪೂರ್ತಿ ಉಲ್ಟಾ. ಪ್ರೊಫೈಲ್‌ನಲ್ಲಿ ಉತ್ತರ ಸಿಗದಿದ್ರೆ ಖಾಲಿ ಬಿಡೋ ಬದಲು ಊಹೆ ಮಾಡಿ ತುಂಬತ್ತೆ. ಲಿಂಗ, ಅಂಗವೈಕಲ್ಯದಂಥ, ಹೇಳೋದು ಬಿಡೋದು ನಮ್ಮಿಷ್ಟ ಅಂತ ಇರೋ ಪ್ರಶ್ನೆಗಳಿಗೂ ಹೀಗೇ ಮಾಡತ್ತೆ, ಇದು ನನಗೆ ಒಂಚೂರೂ ಸರಿ ಅನ್ಸಲ್ಲ. ಇಷ್ಟೆಲ್ಲಾ ಆದ್ಮೇಲೆ ಕೊನೆಗೊಂದು ಚೆಕ್‌ಬಾಕ್ಸ್ ಇರತ್ತೆ, ಮೇಲೆ ಕೊಟ್ಟ ಮಾಹಿತಿ ಎಲ್ಲಾ ನಿಜ ಅಂತ. ಆಟೋ ಸಬ್ಮಿಟ್ ಆನ್ ಇದ್ರೆ ಅದನ್ನೂ ಟೂಲೇ ಟಿಕ್ ಮಾಡತ್ತೆ, ನಮ್ಮ ಹೆಸರಲ್ಲಿ. ನಾವು ಓದದೇ ಇರೋ ಕಾಗದಕ್ಕೆ ಬೇರೆಯವರು ನಮ್ಮ ಸಹಿ ಹಾಕಿದ ಹಾಗೆ. ಹೆಸರು, ಓದು, ಹಳೇ ಕೆಲಸಗಳ ದಿನಾಂಕ, ಇವನ್ನ ಪದೇ ಪದೇ ಟೈಪ್ ಮಾಡೋ ಹಿಂಸೆಯಿಂದ ತಪ್ಪಿಸಿದ್ದಕ್ಕೆ ಈ ಟೂಲ್‌ಗೆ ನಿಜವಾಗ್ಲೂ ಥ್ಯಾಂಕ್ಸ್, ವರ್ಕ್‌ಡೇ ಬಳಸೋ ಒಂದೊಂದು ಕಂಪನಿಗೂ ಬೇರೆ ಬೇರೆ ಅಕೌಂಟ್ ಮಾಡಿ ಅದನ್ನೇ ತುಂಬಬೇಕಲ್ಲ, ಅಲ್ಲಿ ಇದು ದೊಡ್ಡ ಆಸರೆ. ಸ್ಕ್ರೀನಿಂಗ್ ಪ್ರಶ್ನೆ ಬಂದಾಗ ಮಾತ್ರ ನಿಲ್ಲಬೇಕು, ಕೈ ನಮ್ಮದಾಗಬೇಕು.

ರಾಶಿ ರಾಶಿ ಅಪ್ಲೈ ಮಾಡೋದರಿಂದ ಬರೋ ಇನ್ನೊಂದು ತೊಂದರೆ ಡೂಪ್ಲಿಕೇಟ್. ಒಂದೇ ಹುದ್ದೆ ನಾಕು ಜಾಬ್ ಸೈಟ್‌ನಲ್ಲಿ ಇರತ್ತೆ, ಟೂಲ್ ನಾಕನ್ನೂ ಬೇರೆ ಅಂದ್ಕೊಂಡು ನಾಕು ಸಲ ಬೇರೆ ಬೇರೆ ರೀತಿ ತಿದ್ದಿದ ರೆಸ್ಯೂಮೆ ರೆಡಿ ಮಾಡತ್ತೆ. ಇಮೇಲ್ ಒಂದೇ ಆಗಿರೋದರಿಂದ ಆ ಕಡೆ ಎಲ್ಲಾ ಒಬ್ಬರದೇ ಅಂತ ಗೊತ್ತಾಗತ್ತೆ, ನೇಮಕ ಮಾಡೋರು ಒಂದರ ಪಕ್ಕ ಒಂದು ಇಟ್ಟು ನೋಡಿದ್ರೆ ಒಂದರಲ್ಲಿ ರಿಪೋರ್ಟಿಂಗ್ ಪರಿಣತ, ಇನ್ನೊಂದರಲ್ಲಿ ಡೇಟಾ ಎಂಜಿನಿಯರಿಂಗ್ ಪರಿಣತ, ಯಾವುದನ್ನ ನಂಬ್ತಾರೆ ಹೇಳಿ. ಲಿಂಕ್ಡ್‌ಇನ್ ವಿಷಯದಲ್ಲಿ ಇನ್ನೂ ಹುಷಾರು, ಬಾಟ್ ಬಳಸಬಾರದು ಅಂತ ಅವರ ಯೂಸರ್ ಅಗ್ರಿಮೆಂಟ್‌ನಲ್ಲೇ ಇದೆ, ಅಕೌಂಟ್ ನಿರ್ಬಂಧಿಸೋ ಅಧಿಕಾರ ಅವರಿಗಿದೆ. 2025ರಲ್ಲಿ ಅಲ್ಲಿಗೆ ನಿಮಿಷಕ್ಕೆ ಸರಾಸರಿ 11,000 ಅರ್ಜಿ ಬರ್ತಿತ್ತು ಅಂತ ವರದಿಯಾಗಿತ್ತು. ಅಷ್ಟು ದೊಡ್ಡ ರಾಶಿಗೆ ನಮ್ಮದೂ ನೂರು ಎಸೆದ್ರೆ ಓದೋರಿಗೆ ಸುಸ್ತು ಜಾಸ್ತಿ ಆಗತ್ತೆ ಅಷ್ಟೇ. ನನಗೆ ಇಂಟರ್ವ್ಯೂ ಕರೆ ಬಂದಿದ್ದು ನಾನೇ ಓದಿ, ನಾನೇ ಒತ್ತಿ ಕಳಿಸಿದ ಅರ್ಜಿಗಳಿಂದ.

ಜಾಹೀರಾತಲ್ಲಿ ಯಾರೂ ಎತ್ತಿ ಹೇಳದೇ ಇರೋ, ಆದ್ರೆ ನಾನು ಇದನ್ನ ಇನ್ನೂ ಇಟ್ಕೊಳ್ಳೋಕೆ ಕಾರಣ ಆಗಿರೋ ಸೌಲಭ್ಯ ಬೇರೆನೇ ಇದೆ. ಅಪ್ಲೈ ಮಾಡಿದ ಕೂಡ್ಲೇ ಆ ಜಾಬ್ ಡಿಸ್ಕ್ರಿಪ್ಷನ್ನಿನ ಪ್ರತಿ, ಕಳಿಸಿದ ರೆಸ್ಯೂಮೆ, ಕೊಟ್ಟ ಉತ್ತರ ಮೂರನ್ನೂ ಒಂದೇ ಕಡೆ ಉಳಿಸಿಡತ್ತೆ. ಕರೆ ಬರೋಷ್ಟರಲ್ಲಿ ಎಷ್ಟೋ ಸಲ ಕಂಪನಿ ಜಾಹೀರಾತು ತೆಗೆದುಹಾಕಿರತ್ತೆ, ಅವರು ಏನು ಕೇಳಿದ್ರು, ನಾವು ಏನು ಕಳಿಸಿದ್ವಿ ಅಂತ ನೆನಪಿರಲ್ಲ. ರಿಕ್ರೂಟರ್ ಫೋನ್ ಮಾಡಿದಾಗ ಕಂಪನಿ ಹೆಸರು ಟೈಪ್ ಮಾಡಿದ್ರೆ ಎಲ್ಲಾ ಕಣ್ಣ ಮುಂದೆ. ನನ್ನ ಲೆಕ್ಕದಲ್ಲಿ ಅರ್ಧ ದುಡ್ಡು ಇದಕ್ಕೇ ವಸೂಲು.

ಕವರ್ ಲೆಟರ್ ಬರೆಯೋದು ಸಾಧಾರಣ. ಕಂಪನಿ ಹೆಸರು ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಹೋಗೋ ಪತ್ರ ಕೊಡತ್ತೆ, ನಾನು ಆಫ್ ಮಾಡಿದೀನಿ.

ಪ್ರೈವಸಿ ನೋಡ್ಕೊಳ್ಳಿ ದಯವಿಟ್ಟು. ಎಕ್ಸ್‌ಟೆನ್ಷನ್ ಹಾಕುವಾಗ ಎಲ್ಲಾ ವೆಬ್‌ಸೈಟ್‌ನ ಡೇಟಾ ಓದೋ, ಬದಲಾಯಿಸೋ ಅನುಮತಿ ಕೇಳತ್ತೆ. ಕ್ರೋಮ್‌ನಲ್ಲಿ ಅದನ್ನ ಕ್ಲಿಕ್ ಮಾಡಿದಾಗ ಮಾತ್ರ ಅಂತ ಬದಲಾಯಿಸಬಹುದು, ಬ್ಯಾಂಕ್ ಪೇಜ್ ತೆರೆದಾಗ ಅದಕ್ಕೇನು ಕೆಲಸ. ಇಮೇಲ್ ಇನ್‌ಬಾಕ್ಸ್ ಕನೆಕ್ಟ್ ಮಾಡಿದ್ರೆ ಕಂಪನಿಗಳ ಉತ್ತರ ತಾನೇ ಟ್ರ್ಯಾಕ್ ಮಾಡ್ತೀನಿ ಅನ್ನತ್ತೆ, ನಾನು ಕೊಟ್ಟಿಲ್ಲ, ಕೆಲಸ ಹುಡುಕೋಕೆ ಅಂತಲೇ ಬೇರೆ ಇಮೇಲ್ ಮಾಡ್ಕೊಂಡಿದೀನಿ. ನಮ್ಮ ರೆಸ್ಯೂಮೆನ ಎಐ ಮಾಡೆಲ್ ಟ್ರೇನಿಂಗ್‌ಗೆ ಬಳಸ್ತಾರಾ, ಅಕೌಂಟ್ ಅಳಿಸಿದ್ರೆ ಡೇಟಾನೂ ಅಳಿಯತ್ತಾ, ಈ ಎರಡು ಸಾಲು ಅವರ ಪಾಲಿಸಿಲಿ ಹುಡುಕಿ ಓದಿದ್ಮೇಲೆ ದುಡ್ಡು ಕಟ್ಟಿ.

ಒಂದೇ ತರದ ಹುದ್ದೆಗೆ, ತಿಂಗಳಿಗೆ ಬೆರಳೆಣಿಕೆ ಅರ್ಜಿ ಹಾಕೋರಿಗೆ ಚಂದಾ ಬೇಡ, ಮಾಸ್ಟರ್ ಫೈಲ್ ಒಂದು ಮಾಡ್ಕೊಂಡು ಸಿಗೋ ಯಾವುದಾದ್ರೂ ಚಾಟ್‌ಬಾಟ್ ಜೊತೆ ಕೂತು ತಿದ್ದಿದ್ರೆ ಸಾಕು. ಎರಡು ಮೂರು ತರದ ಹುದ್ದೆಗಳಿಗೆ ಒಟ್ಟಿಗೆ ಹುಡುಕ್ತಿರೋರು, ಬೇರೆ ಕ್ಷೇತ್ರಕ್ಕೆ ಜಿಗಿಯೋ ಯೋಚನೆ ಇರೋರು ತಗೊಳ್ಳಿ, ಆದ್ರೆ ವರ್ಷದ ಪ್ಲಾನ್ ಬೇಡ, ತಿಂಗಳ ಪ್ಲಾನ್ ಸಾಕು. ನಿಲ್ಲಿಸೋ ಮೊದಲು ಮಾಸ್ಟರ್ ಪ್ರೊಫೈಲ್ ಮತ್ತೆ ಉಳಿಸಿದ ಅರ್ಜಿಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ, ಚಂದಾ ಮುಗಿದ್ಮೇಲೆ ಆ ಬಟನ್ ಕೆಲಸ ಮಾಡದೇ ಇರೋ ಟೂಲ್‌ಗಳೂ ಇವೆ.