ಏಳಡಿ ಕೋಲು, ಸಣ್ಣ ರೀಲು: ಐದು ಮಳೆಗಾಲ ಬಳಸಿದ ಮೇಲೆ

ಈ ಗಾಳದ ಸೆಟ್ ತಗೊಂಡು ಐದು ಮಳೆಗಾಲ ಆಯಿತು. ಏಳಡಿಯ ಎರಡು ತುಂಡಿನ ಕೋಲು, 3000 ಸೈಜಿನ ಸ್ಪಿನ್ನಿಂಗ್ ರೀಲು, ಒಂದು ಸುತ್ತು ದಾರ, ಇಷ್ಟನ್ನೂ ಹಾಕಿಡಲು ಒಂದು ಚೀಲ. ಆನ್‌ಲೈನಿನಲ್ಲಿ 2,300 ರೂಪಾಯಿ ಕೊಟ್ಟಿದ್ದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯ ಸೆಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಬಣ್ಣ ಮಾತ್ರ ಬೇರೆ.

ಪಾರ್ಸೆಲ್ ಬಂದ ವಾರದಲ್ಲೇ ಐದು ಸ್ಟಾರ್ ಒತ್ತಿ 'ಸೂಪರ್' ಎಂದು ಬರೆದಿದ್ದೆ. ಆಗ ಇದರಲ್ಲಿ ಒಂದು ಮೀನನ್ನೂ ಹಿಡಿದಿರಲಿಲ್ಲ. ಆ ಮಾತನ್ನು ಈಗ ತಿದ್ದಬೇಕು.

ನಾನು ಎಲ್ಲಿ ಬಳಸುತ್ತೇನೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಹಾಸನದ ಕಡೆಯ ಊರು. ಭಾನುವಾರ ಬೆಳಿಗ್ಗೆ ಊರ ಕೆರೆ, ಬೇಸಿಗೆಯಲ್ಲಿ ಗೊರೂರು ಅಣೆಕಟ್ಟೆಯ ಹೇಮಾವತಿ ಹಿನ್ನೀರು. ಜೊತೆಗೆ ನಮ್ಮ ಭಾವ. ಕೆರೆಯ ಮೀನು ಸೊಸೈಟಿಯವರ ಗುತ್ತಿಗೆಯಲ್ಲಿದೆ. ಹೋಗುವ ಮುಂಚೆ ಅವರನ್ನು ಒಂದು ಮಾತು ಕೇಳುತ್ತೇವೆ. ಅವರು ಮೀನುಮರಿ ತಂದು ಬಿಟ್ಟು, ದುಡ್ಡು ಹಾಕಿರುತ್ತಾರೆ. ಕೇಳದೆ ಗಾಳ ಹಾಕಿದರೆ ಅದು ಕಳ್ಳತನವೇ. ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನೋದಿಲ್ಲ, "ದೊಡ್ಡದು ಬಿದ್ರೆ ನಮ್ಗೂ ತೋರ್ಸಿ ಅಣ್ಣ" ಅಂತಾರೆ ಅಷ್ಟೆ.

ಕೋಲಿನಿಂದ ಶುರು ಮಾಡೋಣ. ಮೇಲೆ ದೊಡ್ಡದಾಗಿ 'ಕಾರ್ಬನ್' ಎಂದು ಬರೆದಿದೆ. ನಂಬಬೇಡಿ. ಕೈಯಲ್ಲಿ ಹಿಡಿದರೆ ತೂಕವೇ ಹೇಳುತ್ತದೆ, ಇದರಲ್ಲಿ ಫೈಬರ್‌ಗ್ಲಾಸೇ ಜಾಸ್ತಿ. ನನಗೆ ಅದರಿಂದ ಬೇಸರ ಇಲ್ಲ. ಫೈಬರ್‌ಗ್ಲಾಸ್ ಕೋಲು ಭಾರ ನಿಜ, ಆದರೆ ಬಿದಿರಿನ ಥರ ಬಗ್ಗುತ್ತದೆ, ಸುಲಭಕ್ಕೆ ಮುರಿಯೋದಿಲ್ಲ. ಗೆಂಡೆ ಮೀನು ಎಳೆದಾಗ ಆ ಬಾಗುವಿಕೆಯೇ ದಾರವನ್ನು ಉಳಿಸುತ್ತದೆ. ಮೂರೂವರೆ ಕೆಜಿಯ ಒಂದು ಸಾಮಾನ್ಯ ಗೆಂಡೆ ಹಿಡಿದಿದ್ದೇನೆ, ಕಾಟ್ಲಾ ಅದಕ್ಕಿಂತ ಸ್ವಲ್ಪ ಚಿಕ್ಕದು. ಕೋಲು ಕಮಾನಿನ ಹಾಗೆ ಬಗ್ಗಿತು, ಮತ್ತೆ ನೆಟ್ಟಗಾಯಿತು.

ಕೋಲಿನ ಮೊದಲ ತೊಂದರೆ ಎರಡನೇ ವರ್ಷ ಬಂತು. ಒಳ್ಳೆ ಮೀನು ಬೀಳುತ್ತಿತ್ತು, ಆದರೆ ದಾರ ಸುಮ್ಸುಮ್ನೆ ತುಂಡಾಗುತ್ತಿತ್ತು. ಒಂದೇ ಬೆಳಿಗ್ಗೆ ಮೂರು ಸಲ. ದಾರವನ್ನು ಬೈದೆ, ಗಂಟನ್ನು ಬೈದೆ, ಭಾವನನ್ನೂ ಬೈದೆ. ಕೊನೆಗೆ ನೋಡಿದರೆ ಕೋಲಿನ ತುದಿಯಲ್ಲಿ ದಾರ ಹಾಯುವ ರಿಂಗಿನ ಒಳಗಿದ್ದ ಪಿಂಗಾಣಿ ಬಳೆ ಬಿದ್ದುಹೋಗಿತ್ತು. ಬರೀ ತಗಡಿನ ಅಂಚು ದಾರವನ್ನು ಕೊಯ್ಯುತ್ತಿತ್ತು. ಈಗ ತಿಂಗಳಿಗೊಮ್ಮೆ ಪ್ರತಿ ರಿಂಗಿನ ಒಳಗೂ ಒಂದು ಚೂರು ಹತ್ತಿ ಆಡಿಸುತ್ತೇನೆ. ಬಿರುಕು ಇದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಬಿರುಕೂ ಹತ್ತಿಗೆ ಸಿಗುತ್ತದೆ. ಹೊಸ ತುದಿ ರಿಂಗಿಗೆ ಮೂವತ್ತು ರೂಪಾಯಿ. ಹಳೆಯದನ್ನು ಮೇಣದಬತ್ತಿಗೆ ದೂರದಿಂದ ಹಿಡಿದು ಬಿಸಿ ಮಾಡಿ ಎಳೆದೆ, ಹೊಸದನ್ನು ಅಂಟಿನ ಕಡ್ಡಿ ಕರಗಿಸಿ ಕೂರಿಸಿದೆ. ಇನ್ನೂ ಗಟ್ಟಿಯಾಗಿದೆ.

ಎರಡು ತುಂಡು ಸೇರುವ ಜಾಗ ಮಳೆಯಲ್ಲಿ ನೆನೆದರೆ ಬಿಗಿದುಕೊಳ್ಳುತ್ತದೆ. ಒಂದು ಸಲ ಬಿಡಿಸಲಾಗದೆ ಏಳಡಿ ಕೋಲನ್ನು ಹಾಗೇ ಬೈಕಿನಲ್ಲಿ ಅಡ್ಡ ಹಿಡಿದು ಊರಿಗೆ ತಂದೆವು, ದಾರಿಯುದ್ದಕ್ಕೂ ಜನರಿಗೆ ಮನರಂಜನೆ. ಆಮೇಲೆ ಗೊತ್ತಾದ ಉಪಾಯ ಇದು. ಕುಕ್ಕರಗಾಲಲ್ಲಿ ಕೂತು ಕೋಲನ್ನು ಮಂಡಿಯ ಹಿಂದೆ ಅಡ್ಡಕ್ಕೆ ಇಟ್ಟುಕೊಳ್ಳಿ, ಎರಡು ಕೈಯಲ್ಲಿ ಮಂಡಿಯ ಹೊರಗಡೆ ಕೋಲನ್ನು ಬಿಗಿಯಾಗಿ ಹಿಡಿದು ಮಂಡಿಗಳನ್ನು ಅಗಲಿಸಿ. ತಿರುಚುವುದು ಬೇಡ. ಫಟ್ ಅಂತ ಬಿಡುತ್ತದೆ. ಸೇರಿಸುವ ಮೊದಲೇ ಒಳತುಂಡಿಗೆ ಸ್ವಲ್ಪ ಮೇಣ ಉಜ್ಜಿದರೆ ಇಷ್ಟೆಲ್ಲ ಕಸರತ್ತೇ ಬೇಡ.

ಜೊತೆಗೆ ಕೊಟ್ಟ ದಾರ ಕಸ. ಅದರ ಬಗ್ಗೆ ಇಷ್ಟೇ.

ರೀಲಿನ ಬಗ್ಗೆ ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು. ಮೊದಲ ವರ್ಷ ನಾನು ರೀಲು ತುಂಬಾ, ಅಂಚಿನವರೆಗೂ ದಾರ ಸುತ್ತಿದ್ದೆ. ಜಾಸ್ತಿ ದಾರ ಇದ್ದರೆ ಜಾಸ್ತಿ ದೂರ ಹೋಗುತ್ತದೆ ಎಂಬ ಲೆಕ್ಕ. ಬೀಸಿದ್ದೇ ತಡ, ಹತ್ತಿಪ್ಪತ್ತು ಸುತ್ತು ಒಟ್ಟಿಗೇ ಕಳಚಿ ಕೋಳಿ ಕೆದರಿದ ತಿಪ್ಪೆಯ ಹಾಗಾಯಿತು. ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೇ ನಿಲ್ಲಿಸಬೇಕು. ಬೀಸಿದ ಮೇಲೆ ಬೇಲ್ ತಂತಿಯನ್ನು, ಅಂದರೆ ದಾರವನ್ನು ರೀಲಿಗೆ ಸುತ್ತಿಸುವ ಬಾಗಿದ ತಂತಿಯನ್ನು, ರೀಲಿನ ಹಿಡಿ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ. ದಾರದ ತಿರುಚು ಕಡಿಮೆಯಾಗುತ್ತದೆ, ಸ್ಪ್ರಿಂಗಿಗೂ ಒಳ್ಳೆಯದು. ನಾನು ಇದನ್ನು ತಡವಾಗಿ ಕಲಿತೆ. ಮೂರನೇ ಮಳೆಗಾಲದಲ್ಲಿ ಬೇಲ್ ಸ್ಪ್ರಿಂಗ್ ಮುರಿಯಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಮಾರಿದವರಿಗೆ ಮೂರು ಮೆಸೇಜ್ ಹಾಕಿದೆ, ಮೂರಕ್ಕೂ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ಒಂದೇ ಉತ್ತರ. ಕೊನೆಗೆ ಸಂತೆ ಹತ್ತಿರದ ಸ್ಟೋವ್ ರಿಪೇರಿಯವರು ಹಳೆಯದನ್ನು ನೋಡಿಕೊಂಡು ಗಟ್ಟಿ ತಂತಿಯಲ್ಲಿ ಅಂಥದ್ದೇ ಒಂದು ಸುತ್ತಿ ಕೊಟ್ಟರು. ನಲವತ್ತು ರೂಪಾಯಿ. ಹಳೆಯದಕ್ಕಿಂತ ಗಡುಸು, ಮುಚ್ಚುವಾಗ ಟಪ್ ಅಂತ ಬೆರಳಿಗೆ ಹೊಡೆಯುತ್ತದೆ. ಇರಲಿ.

ಅದಕ್ಕಿಂತ ದೊಡ್ಡ ತಪ್ಪು ಗ್ರೀಸಿನದು. ಕೆರೆಯ ಕೆಂಪು ಕೆಸರು ರೀಲಿನೊಳಗೆ ಹೊಕ್ಕು ಕರಕರ ಅನ್ನುತ್ತಿತ್ತು. ನಾನು ರೀಲು ಬಿಚ್ಚಿ, ಸೈಕಲ್ ಶಾಪಿನಿಂದ ಗ್ರೀಸು ತಂದು ಎಲ್ಲ ಕಡೆ ಬಳಿದೆ. ಮಾರನೇ ಭಾನುವಾರ ಚಳಿಯ ಬೆಳಿಗ್ಗೆ. ಮೀನು ಕಚ್ಚಿತು, ಕೋಲು ಎತ್ತಿದೆ. ರೀಲಿನ ಹಿಡಿ ಹಿಂದಕ್ಕೆ ಗಿರ್ರನೆ ತಿರುಗಿ ಗೆಣ್ಣಿಗೆ ಬಡಿಯಿತು. ಹಿಡಿ ಹಿಂದಕ್ಕೆ ತಿರುಗದಂತೆ ತಡೆಯಲು ಒಳಗೆ ಸಣ್ಣ ಸಣ್ಣ ಉರುಳೆಗಳಿರುವ ಒಂದು ಬೇರಿಂಗ್ ಇದೆ. ದಪ್ಪ ಗ್ರೀಸಿನಲ್ಲಿ ಆ ಉರುಳೆಗಳು ಕಚ್ಚಿಕೊಳ್ಳದೆ ಜಾರುತ್ತವೆ. ಚಳಿಯಲ್ಲಿ ಇನ್ನೂ ಜಾಸ್ತಿ. ಗ್ರೀಸು ಹಲ್ಲಿನ ಚಕ್ರಗಳಿಗೆ ಮಾತ್ರ, ಅದೂ ಸ್ವಲ್ಪ. ಆ ಬೇರಿಂಗಿಗೆ ಬೇಡವೇ ಬೇಡ. ದಾರ ಹಾಯುವ ಪುಟ್ಟ ಉರುಳೆಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಹಾಕಿ. ಆ ಉರುಳೆ ತಿರುಗದೆ ನಿಂತರೆ ದಾರ ಸವೆಯುತ್ತದೆ, ಮುರುಟುತ್ತದೆ. ಈ ರೀಲಿನಲ್ಲಿ ಕೆಸರು ಮೊದಲು ಹಿಡಿಯುವುದೂ ಅಲ್ಲೇ.

ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ಮಾತ್ರ ಈ ಬೆಲೆಗೆ ನಿಜಕ್ಕೂ ಚೆನ್ನಾಗಿದೆ. ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುತ್ತದೆ, ಜರ್ಕ್ ಇಲ್ಲ. ಅದನ್ನು ಎಷ್ಟು ಬಿಗಿ ಮಾಡಬೇಕು ಅನ್ನೋದೇ ಹೊಸಬರ ತಲೆನೋವು. ದಾರದ ಮೇಲೆ ಬರೆದ ತೂಕದ ಕಾಲುಭಾಗದಿಂದ ಮೂರನೇ ಒಂದು ಭಾಗ ಸಾಕು. ಆರು ಕೆಜಿ ದಾರವಾದರೆ ಒಂದೂವರೆ, ಎರಡು ಕೆಜಿ. ಅಳೆಯಲು ತಕ್ಕಡಿ ಬೇಕಿಲ್ಲ. ಎರಡು ಲೀಟರ್ ಬಾಟಲಿಗೆ ನೀರು ತುಂಬಿ ದಾರದ ತುದಿಗೆ ಕಟ್ಟಿ. ಕೋಲಿನಿಂದ ಎತ್ತಿದಾಗ ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲು ನಿಧಾನಕ್ಕೆ ದಾರ ಬಿಡಬೇಕು. ಅಷ್ಟೆ. ಮೀನು ದಾರ ಎಳೆಯುತ್ತಿರುವಾಗ ಹಿಡಿ ತಿರುಗಿಸಬೇಡಿ. ದಾರ ಒಳಗೂ ಬರೋದಿಲ್ಲ, ಸುಮ್ನೆ ತಿರುಚಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ. ಒಳಗಿನ ವಾಷರು ಒತ್ತಿಕೊಂಡೇ ಇದ್ದರೆ ಮೃದುತನ ಹೋಗುತ್ತದೆ.

ಮೀನಿನ ಎಳೆತಕ್ಕೆ ಈ ಸೆಟ್‌ನಲ್ಲಿ ಇದುವರೆಗೆ ಹಾಳಾದದ್ದು ಏನೂ ಇಲ್ಲ. ಹಾಳಾಗಿದ್ದೆಲ್ಲ ಕೆಸರಿನಿಂದ, ನನ್ನ ಕೈಚಳಕದಿಂದ, ಮತ್ತೆ ಒಂದು ಬಸ್ಸಿನ ಬಾಗಿಲಿನಿಂದ. ಬಸ್ಸಿನ ಕತೆ ಕೊನೆಗೆ ಹೇಳುತ್ತೇನೆ.

ಯಾವ ಮೀನಿಗೆ ಇದು ಸರಿ? ಗೆಂಡೆ, ರೋಹು, ಮೃಗಾಲ್, ಜಿಲೇಬಿ (ತಿಲಾಪಿಯಾ), ಇಷ್ಟಕ್ಕೆ ಕಣ್ಣುಮುಚ್ಚಿ ತಗೊಳ್ಳಿ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ತೇಲುವ ಬೆಂಡಿನ ಕೆಳಗೆ ಗಾಳ ಇಳಿಯುವ ಆಳವನ್ನು ಹಾಗೆ ಬದಲಿಸಿಕೊಂಡರೆ ಒಂದೇ ಜಾಗದಲ್ಲಿ ಕೂತು ಮೂರನ್ನೂ ನೋಡಬಹುದು. ನನ್ನ ಮೇವು ರಾತ್ರಿ ಉಳಿದ ರಾಗಿ ಮುದ್ದೆ. ಅದಕ್ಕೆ ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಸ್ವಲ್ಪ ಅಕ್ಕಿ ತೌಡು ಸೇರಿಸಿ ನಾದಬೇಕು. ತಣ್ಣಗಾದ ಮುದ್ದೆ ಗಾಳಕ್ಕೆ ಗಟ್ಟಿಯಾಗಿ ಅಂಟುತ್ತದೆ, ಬೀಸಿದಾಗ ಕಳಚುವುದಿಲ್ಲ. ಬಿಸಿ ಮುದ್ದೆಯಲ್ಲಿ ಪ್ರಯತ್ನ ಮಾಡಬೇಡಿ, ಅದು ಸೊಪ್ಪಿನ ಸಾರಿಗೇ ಸರಿ. ಜಿಲೇಬಿಗೆ ಎರೆಹುಳು, ಸಣ್ಣ ಗಾಳ. 1952ರಲ್ಲಿ ನಮ್ಮ ದೇಶಕ್ಕೆ ತಂದು ಬಿಟ್ಟ ಮೀನು ಅದು, ಈಗ ಅದಿಲ್ಲದ ಕೆರೆ ಹುಡುಕಬೇಕು. ತಾಯಿ ಮೀನು ಮೊಟ್ಟೆಮರಿಗಳನ್ನು ಬಾಯಲ್ಲೇ ಕಾಯುತ್ತದೆ, ಬೆಳೆಯದೆ ಏನಾಗುತ್ತದೆ? ಮಕ್ಕಳಿಗೆ ಗಾಳ ಕಲಿಸಲು ಅದಕ್ಕಿಂತ ಒಳ್ಳೆಯ ಮೀನಿಲ್ಲ.

ಕೊರವ ಮೀನಿಗೆ, ಅಂದರೆ ಮರಲ್‌ಗೆ, ಇದು ಬೇಡ. ರಬ್ಬರ್ ಕಪ್ಪೆ ಕಟ್ಟಿ ಜೊಂಡಿನ ಮೇಲೆ ಎಳೆಯುವ ಆಟಕ್ಕೆ ಗಡುಸು ಕೋಲು ಬೇಕು. ಮರಲ್ ಕಚ್ಚಿದ ಕ್ಷಣವೇ ಅದನ್ನು ಜೊಂಡಿನಿಂದ ಆಚೆ ಕೀಳಬೇಕು. ಈ ಕೋಲು ಬಗ್ಗುತ್ತಾ ಕೂರುತ್ತದೆ, ಅಷ್ಟರಲ್ಲಿ ಮೀನು ಬೇರಿನ ಸಂದಿಗೆ ನುಗ್ಗಿರುತ್ತದೆ. ಎರಡು ಕಪ್ಪೆ ಕಳೆದುಕೊಂಡ ಮೇಲೆ ಬಿಟ್ಟುಬಿಟ್ಟೆ. ಇನ್ನೊಂದು ಮಾತು. ನೀರಿನ ಮೇಲೆ ಕೆಂಪು ಕೆಂಪಗೆ ಮರಿಗಳ ಗುಂಪು ಕುದಿಯುತ್ತಿದ್ದರೆ ಅದರ ಕೆಳಗೆ ತಂದೆತಾಯಿ ಮರಲ್ ಕಾವಲಿರುತ್ತವೆ. ಏನು ಎಸೆದರೂ ಸಿಟ್ಟಿನಿಂದ ಕಚ್ಚುತ್ತವೆ. ಅಲ್ಲಿ ಎಸೆಯಬೇಡಿ. ಅವು ಹೋದರೆ ಅಷ್ಟೂ ಮರಿ ಬೇರೆ ಮೀನುಗಳ ಬಾಯಿಗೆ. ಮೊದಲ ಮಳೆಗೆ ಹೊಸ ನೀರಿನಲ್ಲಿ ಹತ್ತುವ ಮೀನಿನ ವಿಷಯವೂ ಹಾಗೇ, ಅದರ ಹೊಟ್ಟೆ ತುಂಬಾ ಮೊಟ್ಟೆ. ನಮ್ಮ ಭಾವ ಇದನ್ನು ಒಪ್ಪೋದಿಲ್ಲ. "ನಮ್ಮಪ್ಪನ ಕಾಲದಿಂದ್ಲೂ ಹತ್ತೋ ಮೀನು ತಿಂದಿದೀವಿ" ಅಂತಾನೆ. ಪ್ರತಿ ಜೂನ್‌ನಲ್ಲಿ ಇದೇ ಜಗಳ.

ಹೊಳೆಯ ಬಿಳಿ ಮೀನು, ಅಂದರೆ ಮಹಶೀರ್ ಹಿಡಿಯಬಹುದಾ ಎಂದು ಒಬ್ಬರು ಕೇಳಿದ್ದರು. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ತೀರಾ ಅಪಾಯದ ಸಾಲಿಗೆ ಸೇರಿಸಿದ್ದಾರೆ. ಆ ಮೀನಿನ ಮೇಲೆ ಕೋಲು ಪರೀಕ್ಷೆ ಮಾಡೋದು ಬೇಡ.

ಹಿನ್ನೀರಿಗೆ ಹೋಗುವವರಿಗೆ ಎರಡು ಎಚ್ಚರಿಕೆ. ನೀರಿನ ಕೆಳಗೆ ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆ ಇವೆ. ಶೆಟ್ಟಿಹಳ್ಳಿಯ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗುವುದನ್ನು ನೋಡಿರುತ್ತೀರಿ. ಅಂಥ ಕಡೆ ತಳಕ್ಕೆ ಗಾಳ ಬಿಟ್ಟರೆ ಸೀಸದ ಗುಂಡು ವಾಪಸ್ ಬರೋದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ನಡೆದು ಹೋಗಿ ಎಲ್ಲಿ ಏನಿದೆ ಎಂದು ನೋಡಿಟ್ಟುಕೊಂಡರೆ ಮಳೆಗಾಲಕ್ಕೆ ಅನುಕೂಲ. ಎರಡನೆಯದು ಕರೆಂಟಿನ ತಂತಿ. ಗದ್ದೆ ಬಯಲಲ್ಲಿ ತಂತಿಗಳು ಜೋತುಬಿದ್ದಿರುತ್ತವೆ. ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ, ಒದ್ದೆಯಾದ ಯಾವ ಕೋಲನ್ನೂ ನಂಬುವಂತಿಲ್ಲ. ಅದರ ಕೆಳಗೆ ನಿಂತು ಬೀಸಬೇಡಿ, ಕೋಲನ್ನು ಎತ್ತಿ ಹಿಡಿದು ನಡೆಯಲೂ ಬೇಡಿ.

ಈಗ ಬಸ್ಸು. ಕಳೆದ ವರ್ಷ ಬೈಕು ಕೆಟ್ಟಿತ್ತು, ಬಸ್ಸಿಗೆ ಹೋದೆ. ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕಿದ್ದೆ. ಆದರೆ ಚೀಲದ ಜಿಪ್ ಎರಡನೇ ತಿಂಗಳೇ ಹೋಗಿತ್ತು, ತುದಿ ಹೊರಗೆ ಇಣುಕುತ್ತಿತ್ತು. ಇಳಿಯುವಾಗ ಬಾಗಿಲು ಮುಚ್ಚಿತು. ಟಕ್. ನಾಲ್ಕು ಇಂಚು ತುಂಡಾಗಿ ಮೆಟ್ಟಿಲ ಮೇಲೆ ಬಿತ್ತು. ಕಂಡಕ್ಟರ್ ಅದನ್ನು ಎತ್ತಿ ಕೊಟ್ಟು "ಮೀನ್ ಬಿದ್ರೆ ನಮ್ಗೂ ಒಂದ್ ಕೊಡಿ ಸಾರ್" ಎಂದರು. ಮುರಿದ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ವಲ್ಪ ದೊಡ್ಡ ತುದಿ ರಿಂಗು ಕೂರಿಸಿದೆ. ಕೋಲು ಈಗ ಆರಡಿ ಎಂಟು ಇಂಚು. ತುದಿ ಗಡುಸಾಗಿದೆ, ಜಿಲೇಬಿಯ ಸಣ್ಣ ಕಡಿತ ಕೈಗೆ ಗೊತ್ತಾಗುವುದಿಲ್ಲ. ಹಾಗಾಗಿ ಮತ್ತೆ ಬೆಂಡು ನೋಡಿಕೊಂಡೇ ಕೂರುತ್ತೇನೆ.

ಐದಕ್ಕೆ ಮೂರೂವರೆ ಸ್ಟಾರ್. ಕೋಲು, ಡ್ರ್ಯಾಗ್ ಎರಡಕ್ಕೂ ಪೂರ್ತಿ ಅಂಕ. ದಾರಕ್ಕೆ ಒಂದು ಕಳೆದಿದ್ದೇನೆ, ಜಿಪ್ಪಿಗೆ ಅರ್ಧ. ರೀಲು ಮಾತ್ರ ಬೇರೆ ಕಂಪನಿಯದು ತಗೊಳ್ಳುವ ಯೋಚನೆ ಇದೆ, ಆದರೆ ಸ್ಟೋವ್ ರಿಪೇರಿಯವರ ಸ್ಪ್ರಿಂಗ್ ಮುರಿಯುವ ಲಕ್ಷಣ ಇನ್ನೂ ಕಾಣುತ್ತಿಲ್ಲ.